ಕೇಳದೆ ಉಳಿದ ಹಾಡಿನ ಋಣ

ಎಲ್ಲರೂ ಕೇಳಿದ ಹಾಡನ್ನು ತಾನೂ ಕೇಳಿದೆನೆಂದು ಯಾರೂ ಹೆಮ್ಮೆಪಡುವುದಿಲ್ಲ. ಯಾರೂ ಕೇಳದ ಹಾಡೊಂದು ಕಿವಿಗೆ ಬಿತ್ತೆಂದರೆ ಮಾತ್ರ ಮನುಷ್ಯನಿಗೆ ಹೊಲ ಉಳುವಾಗ ಹೊನ್ನಿನ ಕೊಪ್ಪರಿಗೆ ಸಿಕ್ಕಿದಷ್ಟು ಸಂತೋಷ. ಆ ಸಂತೋಷ ಸಹಜವಾದುದೇ. ಆದರೆ ಸಿಕ್ಕಿದ ಕೊಪ್ಪರಿಗೆಗೆ ಹಕ್ಕುದಾರರಿರುತ್ತಾರೆ. ಸಿಕ್ಕಿದ ಹಾಡಿಗೂ ಇರಬೇಕಷ್ಟೆ. ತನ್ನ ಕಾಲದಲ್ಲಿ ಯಾರೂ ಕಿವಿಗೊಡದೆ ಹೋದ ಹಾಡಿಗೆ, ತಡವಾಗಿ ಬಂದು ಕಿವಿಗೊಟ್ಟ ನಾವು ಏನಾದರೂ ಸಲ್ಲಿಸಬೇಕಾದುದು ಉಂಟೆ? ಉಂಟಾದರೆ ಅದನ್ನು ಸಲ್ಲಿಸುವುದು ಯಾರಿಗೆ? ಪ್ರಶ್ನೆ ಸಣ್ಣದೆಂದು ತೋರಬಹುದು. ಬಿಡಿಸುತ್ತ ಹೋದರೆ ಅದು ಧರ್ಮಸೂಕ್ಷ್ಮದ ಪ್ರಶ್ನೆಯೇ ಆಗುತ್ತದೆ.

ಈ ವಿಚಾರ ನನ್ನ ತಲೆಗೆ ಹೊಕ್ಕದ್ದು ಕಂಪ್ಲಿಯ ಕಡೆಯಿಂದ ನಮ್ಮ ಹೊಸಪೇಟೆಯ ಕಾಲೇಜಿಗೆ ಬರುವ ವಿದ್ಯಾರ್ಥಿಯೊಬ್ಬನ ದೆಸೆಯಿಂದ. ಅವನಿಗೆ ಪ್ರೋಗ್ರೆಸಿವ್ ರಾಕ್ ಎಂಬ ಪಾಶ್ಚಾತ್ಯ ಸಂಗೀತದ ಹುಚ್ಚು. ಅದರಲ್ಲಿಯೂ ಜನ ಮರೆತ ಹಳೆಯ ಆಲ್ಬಮ್‌ಗಳನ್ನು ಹುಡುಕಿ ತೆಗೆಯುವ ಹುಚ್ಚು. "ಇದು ಸುಮ್ಮನೆ ಸಿಕ್ಕಿದ್ದಲ್ಲ ಸರ್, ನಾನೇ ಹುಡುಕಿ ತೆಗ್ದೀನಿ, ಒಮ್ಮೆ ಕೇಳ್ರಿ" ಎಂದು ಅವನು ತನ್ನ ಮೊಬೈಲನ್ನು ನನ್ನ ಮುಂದಿಟ್ಟ.

ಈ ಸಂಗೀತದ ಪರಿಚಯವಿಲ್ಲದ ವಾಚಕರಿಗಾಗಿ ಎರಡು ಮಾತು. ಹಳೆಯ ಗ್ರಾಮಫೋನ್ ತಟ್ಟೆಯ ಒಂದು ಮಗ್ಗುಲಲ್ಲಿ ಸಾಮಾನ್ಯವಾಗಿ ಮೂರೂವರೆ ನಿಮಿಷಕ್ಕಿಂತ ಹೆಚ್ಚಿನ ಹಾಡು ಹಿಡಿಯುತ್ತಿರಲಿಲ್ಲ. 1948ರಲ್ಲಿ ಅಮೆರಿಕದಲ್ಲಿ ಬಂದ ಲಾಂಗ್ ಪ್ಲೇ ತಟ್ಟೆ ಅದನ್ನು ಇಪ್ಪತ್ತು ನಿಮಿಷಕ್ಕೂ ಮೇಲೆ ಹಿಗ್ಗಿಸಿತು. 1960ರ ದಶಕದ ಕೊನೆಯಲ್ಲಿ ಇಂಗ್ಲೆಂಡಿನ ತರುಣ ಗಾಯಕರು ಈ ಅವಕಾಶವನ್ನು ಚೆನ್ನಾಗಿ ಬಳಸಿಕೊಂಡರು. ಸಿಂಫನಿಯ ಕಟ್ಟಡವನ್ನೂ ಹಳ್ಳಿಯ ಲಾವಣಿಗಳ ಧಾಟಿಯನ್ನೂ ರಾಕ್ ಸಂಗೀತಕ್ಕೆ ಬೆಸೆದು, ತಟ್ಟೆಯ ಇಡೀ ಮಗ್ಗುಲನ್ನು ಒಂದೇ ಕಥೆಗೆ ಮೀಸಲಿಡುವ ಧೈರ್ಯ ಮಾಡಿದರು. ಕೆಲವರಿಗೆ ಕೀರ್ತಿ ಬಂತು. ಹಲವರ ತಟ್ಟೆಗಳು ಅಂಗಡಿಯಲ್ಲಿಯೇ ಧೂಳು ತಿಂದವು. ಇಟಲಿಯ ಮುಜೇಯೊ ರೋಜೆನ್‌ಬಾಖ್ ಎಂಬ ಕೂಟ 1973ರಲ್ಲಿ 'ಜರಾತುಸ್ತ್ರ' ಎಂಬ ಆಲ್ಬಮ್ ತಂದಿತು. ನೀಷೆಯ ಗ್ರಂಥದಿಂದ ಪ್ರೇರಣೆ ಪಡೆದ ಹಾಡು ಅದರ ಒಂದು ಮಗ್ಗುಲನ್ನೆಲ್ಲ ತುಂಬಿದೆ. ಆ ಹೊತ್ತಿಗೆ ಕೊಳ್ಳುವವರು ಕಡಮೆ. ಕೂಟವೂ ಬೇಗನೆ ಚೆದುರಿತು. ಇಂದು ಅದೇ ತಟ್ಟೆ ರಸಿಕರ ಪಾಲಿಗೆ ರತ್ನ.

ಇಂಥದು ಕೈಗೆ ಸಿಕ್ಕಾಗ ಹುಡುಕಿದವನಿಗೆ ಒಂದು ಭ್ರಮೆ ಹಿಡಿಯುತ್ತದೆ. ಯಾರಿಗೂ ಗೊತ್ತಿಲ್ಲದ್ದೆಲ್ಲ ಉತ್ತಮವಾದದ್ದೆಂದು ಅವನು ನಂಬತೊಡಗುತ್ತಾನೆ. ಉಪೇಕ್ಷೆ ಗುಣಕ್ಕೆ ಪ್ರಮಾಣಪತ್ರವಲ್ಲ. ಜನ ಬಿಟ್ಟ ಹಾಡುಗಳಲ್ಲಿ ಬಿಡತಕ್ಕವೂ ಬೇಕಾದಷ್ಟಿರುತ್ತವೆ. ಅಪರೂಪವೆಂಬ ಒಂದೇ ಕಾರಣಕ್ಕೆ ಹಾಡನ್ನು ಮೆಚ್ಚುವವನು ಹಾಡನ್ನು ಕೇಳುತ್ತಿಲ್ಲ, ತನ್ನ ಜಾಣತನವನ್ನೇ ಕೇಳಿಕೊಳ್ಳುತ್ತಿದ್ದಾನೆ. ನಾಳೆ ಹತ್ತು ಮಂದಿ ಅದನ್ನೇ ಮೆಚ್ಚಿದರೆ ಇವನಿಗೆ ಅದು ರುಚಿಸುವುದಿಲ್ಲ.

ಇನ್ನೊಂದು ಭ್ರಮೆ ಇದಕ್ಕಿಂತ ಸೂಕ್ಷ್ಮವಾದುದು. 'ಮರೆತುಹೋದದ್ದು' ಎಂದು ನಾವು ಹೇಳುತ್ತೇವೆ. ಮರೆತವರು ಯಾರೆಂದು ಕೇಳುವುದಿಲ್ಲ. ನಮ್ಮ ಊರಿನ ಪಕ್ಕದ ಹಂಪೆಯನ್ನೇ ನೋಡಿ. 1900ರಲ್ಲಿ ರಾಬರ್ಟ್ ಸೀವೆಲ್ ವಿಜಯನಗರದ ಚರಿತ್ರೆ ಬರೆದಾಗ ಅದಕ್ಕೆ 'ಮರೆತುಹೋದ ಸಾಮ್ರಾಜ್ಯ' ಎಂಬ ಅರ್ಥದ ಹೆಸರಿಟ್ಟ. ಅವನ ಉಪಕಾರ ದೊಡ್ಡದು, ಅದರಲ್ಲಿ ಸಂಶಯವಿಲ್ಲ. ಆದರೆ ವಿರೂಪಾಕ್ಷನ ತೇರು ಎಳೆಯಲು ಚೈತ್ರದಲ್ಲಿ ಗಾಡಿ ಕಟ್ಟಿಕೊಂಡು ಬರುತ್ತಿದ್ದ ಸುತ್ತಿನ ಹಳ್ಳಿಗಳ ಒಕ್ಕಲಿಗೆ ಹಂಪೆ ಯಾವಾಗ ಮರೆತಿತ್ತು? ಕಂಪಿಲರಾಯನ ಮಗ ಕುಮಾರರಾಮನ ಕಥೆಯೂ ಹಾಗೆಯೇ. ಕಂಪಿಲನ ರಾಜ್ಯ ದಿಲ್ಲಿಯ ತುಘಲಕನ ಸೈನ್ಯಕ್ಕೆ ಸಿಕ್ಕಿ 1327ರ ಸುಮಾರಿಗೆ ಮುಗಿಯಿತು. ಹಂಪೆಯ ಹೇಮಕೂಟದ ಮೇಲೆ ಕಂಪಿಲದೇವನ ಹೆಸರಿನ ಶಾಸನವಿರುವ ಗುಡಿ ಇಂದಿಗೂ ನಿಂತಿದೆ; ಅದರ ಎದುರಿಗೆ ನಿಂತು ಅಕ್ಷರ ಓದುವವರು ಎಷ್ಟು ಮಂದಿ? ಪರನಾರೀ ಸೋದರನೆಂದು ಹೆಸರಾದ ಆ ರಾಜಕುಮಾರನನ್ನು ಈ ಸೀಮೆಯ ಜನ ಓದಿ ನೆನಪಿಟ್ಟುಕೊಂಡವರಲ್ಲ. ಹಾಡು ಕೇಳಿ ನೆನಪಿಟ್ಟುಕೊಂಡವರು.

ಹಾಗೆ ಹಾಡಿದವರಲ್ಲಿ ಸಂಡೂರು ತಾಲ್ಲೂಕಿನ ದರೋಜಿಯ ಬುರ್ರಕಥಾ ಈರಮ್ಮನವರು ದೊಡ್ಡವರು. ಬುಡ್ಗ ಜಂಗಮರ ಅಲೆಮಾರಿ ಕುಲದಲ್ಲಿ ಹುಟ್ಟಿ, ಅಕ್ಷರ ಕಲಿಯದೆ, ಕುಮಾರರಾಮನ ಕಥೆಯೂ ಸೇರಿ ಹನ್ನೆರಡು ಮಹಾಕಾವ್ಯಗಳನ್ನು ಕಂಠದಲ್ಲಿ ಇಟ್ಟುಕೊಂಡಿದ್ದವರು ಅವರು. ಅಚ್ಚು ಹಾಕಿದರೆ ಏಳು ಸಾವಿರ ಪುಟವಾಗುತ್ತದೆಂದು ಲೆಕ್ಕ. ಕಥೆ ಹೇಳುವವರು ಒಬ್ಬರು. ಪಕ್ಕದಲ್ಲಿ ಗುಮ್ಮಟೆ ಬಾರಿಸುತ್ತ ಪಲ್ಲವಿ ಎತ್ತಿಕೊಡುವವರು ಇಬ್ಬರು. ಎದುರಿಗೆ ರಾತ್ರಿಯೆಲ್ಲ ಕುಳಿತ ಊರು. ಮೂರೂವರೆ ನಿಮಿಷದ ತಟ್ಟೆಯ ವ್ಯಾಪಾರಕ್ಕೆ ಇಂಥ ಹಾಡು ಒಗ್ಗುವುದಾದರೂ ಹೇಗೆ? ಎಷ್ಟೋ ಹಾಡುಗಳು ಹೊರಗೆ ಉಳಿಯುವುದು ಗುಣದ ಕೊರತೆಯಿಂದಲ್ಲ. ಅಳೆಯುವ ಸೇರು ಸಣ್ಣದಾದುದರಿಂದ. ಕೊನೆಕೊನೆಗೆ ಅವರಿಗೆ ರಾಜ್ಯೋತ್ಸವ ಪ್ರಶಸ್ತಿ ಬಂತು, ಹಂಪಿಯ ಕನ್ನಡ ವಿಶ್ವವಿದ್ಯಾಲಯದ ನಾಡೋಜ ಗೌರವವೂ ಬಂತು. 2014ರ ಆಗಸ್ಟಿನಲ್ಲಿ ಅವರು ತೀರಿಕೊಂಡರು. ಪೇಟೆಯ ನಾವು ಈರಮ್ಮನವರನ್ನು ಕಂಡುಕೊಂಡೆವೆಂದು ಹೇಳಿಕೊಂಡೆವು. ನನ್ನ ವಿದ್ಯಾರ್ಥಿಯನ್ನು ಅವರ ವಿಷಯ ಕೇಳಿದಾಗ ಅವನು ಹೇಳಿದ್ದು ಇಷ್ಟು: "ನಮ್ಮಜ್ಜಿ ರಾತ್ರಿಯೆಲ್ಲಾ ಕುಂತು ಕೇಳ್ಯಾಳಂತ ಸರ್." ಅಜ್ಜಿ ಯಾವುದನ್ನೂ ಕಂಡುಹಿಡಿದಿರಲಿಲ್ಲ, ಕುಳಿತು ಕೇಳಿದ್ದಳು, ಅಷ್ಟೆ.

ಹಾಗಾದರೆ ನಿಜವಾಗಿ ಯಾರೂ ಕೇಳದ ಹಾಡಿನ ಗತಿಯೇನು? ಕೇಳುವ ಕಿವಿಯಿಲ್ಲದಿದ್ದರೆ ಹಾಡಿಗೆ ಬೆಲೆಯಿಲ್ಲವೆ? 'ಮಾಲತೀಮಾಧವ'ದ ಪ್ರಸ್ತಾವನೆಯಲ್ಲಿ ಭವಭೂತಿ ಈ ಸಂಕಟಕ್ಕೆ ತನ್ನದೇ ಸಮಾಧಾನ ಹೇಳಿಕೊಂಡಿದ್ದಾನೆ: ಕಾಲಕ್ಕೆ ಕೊನೆಯಿಲ್ಲ, ಭೂಮಿಗೆ ಎಲ್ಲೆಯಿಲ್ಲ, ತನ್ನ ಸಮಾನಧರ್ಮಿ ಎಲ್ಲಿಯೋ ಎಂದೋ ಇದ್ದೇ ಇರುತ್ತಾನೆ ಎಂದು. ಕೃತಿಯ ಮಟ್ಟಿಗೆ ಈ ಮಾತು ಸರಿ. ತಟ್ಟೆಯಲ್ಲಿ ಅಡಗಿದ ಹಾಡಿಗೆ ವಯಸ್ಸಾಗುವುದಿಲ್ಲ. ಇಂದು ಕೇಳಿದರೂ ಅದು ಅಂದಿನಷ್ಟೇ ಹೊಸದು. ಉಪೇಕ್ಷೆ ಅದಕ್ಕೆ ಮಾಡಿದ ಗಾಯ ಏನೂ ಇಲ್ಲ. ಆದರೆ ಹಾಡಿದವನಿಗೆ ವಯಸ್ಸಾಗುತ್ತದೆ.

ವಾಷ್ಟಿ ಬನ್ಯನ್ ಎಂಬ ಆಂಗ್ಲ ಗಾಯಕಿಯ ಕಥೆ ಇಲ್ಲಿ ನೆನಪಿಗೆ ಬರುತ್ತದೆ. ಕುದುರೆಗಾಡಿಯಲ್ಲಿ ಸ್ಕಾಟ್ಲೆಂಡಿನ ದ್ವೀಪಗಳ ಕಡೆಗೆ ಪಯಣ ಹೊರಟು, ದಾರಿಯಲ್ಲಿ ಕಟ್ಟಿದ ಹಾಡುಗಳನ್ನು ಆಕೆ 1970ರಲ್ಲಿ ಒಂದು ಆಲ್ಬಮ್ಮಾಗಿ ತಂದರು. ಮಾರಾಟವಾದದ್ದು ಕೆಲವೇ ನೂರು ಪ್ರತಿ. ಆಕೆ ಹಾಡುವುದನ್ನೇ ಬಿಟ್ಟು ಮಕ್ಕಳು ಮರಿ, ಸಾಕುಪ್ರಾಣಿಗಳ ಬದುಕಿಗೆ ಹೋದರು. 2000ದಲ್ಲಿ ಆ ಆಲ್ಬಮ್ ಮತ್ತೆ ಹೊರಬಂದು ಹೊಸ ಪೀಳಿಗೆ ಬೆರಗಾಯಿತು. 2005ರಲ್ಲಿ ಆಕೆಯ ಎರಡನೆಯ ಆಲ್ಬಮ್ ಬಂತು. ಕಥೆ ಸುಖಾಂತವೆಂದು ನಾವು ನಿಟ್ಟುಸಿರು ಬಿಡಬಹುದು. ಆದರೆ ಎರಡು ಆಲ್ಬಮ್‌ಗಳ ನಡುವಿನ ಮೂವತ್ತೈದು ವರ್ಷಗಳನ್ನು ಎಣಿಸಿ ನೋಡಿ. ಮೊದಲಿನ ಹಾಡುಗಳಲ್ಲಿ ಒಂದೂ ಕಳೆದುಹೋಗಲಿಲ್ಲ. ಕಳೆದುಹೋದವು ಆ ವರ್ಷಗಳಲ್ಲಿ ಹುಟ್ಟಬೇಕಾಗಿದ್ದ ಹಾಡುಗಳು. ಅವನ್ನು ಯಾವ ಸಂಗ್ರಹಕಾರ ಎಷ್ಟೇ ಅಗೆದರೂ ಸಿಕ್ಕುವಂತಿಲ್ಲ.

ಉಪೇಕ್ಷೆಯ ನಿಜವಾದ ಹಾನಿ ಇಲ್ಲಿದೆ. ಅದು ಇದ್ದ ಕೃತಿಯನ್ನು ಕೊಲ್ಲುವುದಿಲ್ಲ. ಬರಬೇಕಾದ ಕೃತಿಯನ್ನು ಬಸಿರಿನಲ್ಲಿಯೇ ಕೊಲ್ಲುತ್ತದೆ. ಆದುದರಿಂದ ತಡವಾಗಿ ಬಂದ ಹೊಗಳಿಕೆ ಎಷ್ಟೇ ಪ್ರಾಮಾಣಿಕವಾಗಿದ್ದರೂ ಸಾಲ ತೀರಿತೆಂದು ಹೇಳುವಂತಿಲ್ಲ. ಈರಮ್ಮನವರ ವಿಷಯದಲ್ಲಿ ಇದೇ ಹಾನಿಯ ಇನ್ನೊಂದು ಮುಖವಿದೆ. ಅವರಿಗೆ ಕೇಳುವ ಕಿವಿಗಳಿದ್ದವು, ಅವರು ಹಾಡಿದರು. ಅವರ ಮಗ್ಗುಲಲ್ಲಿ ಕುಳಿತು ಕಲಿಯಬೇಕಾದ ಮಗುವಿಗೆ ಆ ಕಿವಿಗಳು ಉಳಿದಿವೆಯೆ ಎಂಬುದು ಪ್ರಶ್ನೆ. ಹಾಡು ಪುಸ್ತಕವಾಗಿ ಬೀರು ಸೇರಿದರೆ ಮಾತು ಉಳಿಯುತ್ತದೆ. ಯಾವ ಮಾತಿಗೆ ಗುಮ್ಮಟೆ ಹೇಗೆ ಓಗೊಡುತ್ತಿತ್ತು ಎಂಬುದನ್ನು ಪುಟ ಹೇಳಲಾರದು. ಹಂಪೆಯ ಹೊಳೆಯ ದಂಡೆಯಲ್ಲಿ ಪುರಂದರದಾಸರ ಮಂಟಪವಿದೆ. ದಾಸರು ನಾಲ್ಕು ಲಕ್ಷ ಎಪ್ಪತ್ತೈದು ಸಾವಿರ ಪದ ಹಾಡಿದರೆಂದು ಪ್ರತೀತಿ. ಲೆಕ್ಕ ಹಾಗಿರಲಿ, ಉಳಿದ ಪದಗಳನ್ನು ಕೂಡ ಅವರು ಯಾವ ಧಾಟಿಯಲ್ಲಿ ಹಾಡಿದರೆಂದು ಹೇಳುವವರು ಯಾರಿದ್ದಾರೆ?

ಹಾಗೆಂದು ಹುಡುಗರು ಇಟಲಿಯ ಹಾಡು ಬಿಟ್ಟು ಬುರ್ರಕಥೆ ಕೇಳಬೇಕೆಂದು ಉಪದೇಶ ಮಾಡುವುದು ನನ್ನ ಉದ್ದೇಶವಲ್ಲ. ಇಪ್ಪತ್ತು ನಿಮಿಷದ ಹಾಡನ್ನು ನಡುವೆ ಎದ್ದುಹೋಗದೆ ಕೇಳುವ ತಾಳ್ಮೆ ಈ ಕಾಲದಲ್ಲಿ ಕಲಿತವನು, ಇಡೀ ರಾತ್ರಿಯ ಕಥೆಗೂ ಅರ್ಧ ತಯಾರಾದವನೇ. ಅವನ ಕಿವಿ ಅಜ್ಜಿಯ ಕಿವಿಗೆ ದೂರದ ನಂಟಲ್ಲ. ಬೇಕಾದದ್ದು ಇಷ್ಟೇ: ಹಳೆಯ ತಟ್ಟೆಯ ಮುಂದೆ ಕುಳಿತು 'ಅಯ್ಯೋ, ಆಗ ಯಾರೂ ಇದನ್ನು ಕೇಳಲಿಲ್ಲವಲ್ಲ' ಎಂದು ಮರುಗುವ ಮನಸ್ಸು, ಅದೇ ಮರುಕದಿಂದ ಈಗ, ಇಲ್ಲಿ, ಯಾರ ಹಾಡು ಕೇಳುವವರಿಲ್ಲದೆ ನಿಂತಿದೆ ಎಂದೂ ಒಮ್ಮೆ ನೋಡಬೇಕು.

ನಮ್ಮ ಹಿರಿಯರು ಪಿತೃಋಣವೆಂಬುದೊಂದನ್ನು ಹೇಳಿದರು. ಅದರ ವಿಚಿತ್ರವೆಂದರೆ, ಅದನ್ನು ಪಡೆದದ್ದು ತಂದೆಯಿಂದ, ತೀರಿಸುವುದು ಮಕ್ಕಳನ್ನು ಸಾಕಿ. ಕೇಳದೆ ಉಳಿದ ಹಾಡಿನ ಋಣವೂ ಅಂಥದೇ. ಹಾಡಿ ಹೋದವರಿಗೆ ಅದನ್ನು ಹಿಂತಿರುಗಿಸುವ ದಾರಿಯಿಲ್ಲ. ಜಾತ್ರೆಯ ಮೂಲೆಯಲ್ಲಿಯೋ ಊರ ಗುಡಿಯ ಕಟ್ಟೆಯ ಮೇಲೋ ಇನ್ನೂ ಹೆಸರಾಗದ ಒಬ್ಬರು ದನಿಯೆತ್ತಿದಾಗ, ಅವರು ಮುಗಿಸುವವರೆಗೆ ಎದ್ದುಹೋಗದೆ ಕುಳಿತವನು ಅದನ್ನು ಸ್ವಲ್ಪವಾದರೂ ತೀರಿಸಿದಂತೆ.