ವಿದ್ಯೆ ದಾನವೋ, ಬಾಕಿಯೋ?

ನಮ್ಮ ಸಂಘಸಂಸ್ಥೆಗಳ ವಾರ್ಷಿಕೋತ್ಸವಗಳಲ್ಲಿ 'ವಿದ್ಯಾದಾನ' ಎಂಬ ಶಬ್ದ ಕಿವಿಗೆ ಬೀಳದ ವರ್ಷವಿಲ್ಲ. ನೋಟುಪುಸ್ತಕ ಹಂಚಿದರೂ ವಿದ್ಯಾದಾನ, ವಿದ್ಯಾರ್ಥಿವೇತನ ಕೊಟ್ಟರೂ ವಿದ್ಯಾದಾನ. ಕೊಡುವವರ ಮನಸ್ಸು ದೊಡ್ಡದು, ಅದರಲ್ಲಿ ಸಂಶಯವಿಲ್ಲ. ಆದರೆ ದಾನ ಎಂದೊಡನೆ ಕೊಟ್ಟವನು ಪುಣ್ಯವಂತನಾಗುತ್ತಾನೆ. ಕೊಡದೆ ಇದ್ದವನು ಅಪರಾಧಿಯೇನೂ ಆಗುವುದಿಲ್ಲ. ಊರೂರು ತಿರುಗುವ ಕೂಲಿಕಾರನ ಮಗುವಿಗೆ ಅಕ್ಷರ ಕಲಿಸುವುದು ಹೀಗೆ ಇಷ್ಟವಿದ್ದರೆ ಮಾಡುವ, ಇಲ್ಲದಿದ್ದರೆ ಬಿಡುವ ಕೆಲಸವೇ? ಅಥವಾ ನಮ್ಮ ಆಫೀಸಿನ ಭಾಷೆಯಲ್ಲಿ 'ಬಾಕಿ' ಎನ್ನುತ್ತೇವಲ್ಲ, ಕೊಡಲೇಬೇಕಾಗಿದ್ದು ಕೊಡಲು ತಡವಾದದ್ದು, ಆ ಬಾಬತ್ತಿಗೆ ಸೇರಿದ್ದೇ?

ಮುಂಬಯಿ ಕನ್ನಡಿಗರಿಗೆ ಈ ಪ್ರಶ್ನೆ ಹೊರಗಿನದಲ್ಲ. ಈ ನಗರದಲ್ಲಿ ನಮ್ಮ ಹಿರಿಯರ ಒಂದು ತಲೆಮಾರು ಅಕ್ಷರ ಕಂಡದ್ದೇ ರಾತ್ರಿ ಶಾಲೆಗಳ ಬೆಳಕಿನಲ್ಲಿ. 1902ರಲ್ಲಿ ಸ್ಥಾಪನೆಯಾದ ಮೊಗವೀರ ವ್ಯವಸ್ಥಾಪಕ ಮಂಡಳಿ ಉಚಿತ ರಾತ್ರಿ ಹೈಸ್ಕೂಲನ್ನು ನಡೆಸಿತು. ಬಿಲ್ಲವರ ಎಸೋಸಿಯೇಶನ್ ಗುರುನಾರಾಯಣ ರಾತ್ರಿ ಹೈಸ್ಕೂಲನ್ನು ನಡೆಸಿತು. ಬೇರೆ ಸಂಸ್ಥೆಗಳೂ ಇದೇ ದಾರಿ ಹಿಡಿದವು. ಕರಾವಳಿಯ ಹಳ್ಳಿಗಳಿಂದ ಬಂದ ಹುಡುಗರು ಹಗಲೆಲ್ಲ ಹೊಟೇಲಿನಲ್ಲಿ ಮೇಜು ಒರೆಸಿ, ಕಪ್ಪುಬಸಿ ತೊಳೆದು, ಸಂಜೆ ಕೈ ಒರೆಸಿಕೊಂಡು ಶಾಲೆಗೆ ಓಡುತ್ತಿದ್ದರು. ಕಣ್ಣು ಎಳೆಯುತ್ತಿದ್ದರೂ ಪಾಠ ಕೇಳಿ, ಎಸ್ಸೆಸ್ಸಿ ಮುಗಿಸಿ, ಮುಂದೆ ವಕೀಲರಾದವರು, ಬ್ಯಾಂಕು ಸೇರಿದವರು, ಸ್ವಂತ ಹೊಟೇಲು ತೆರೆದವರು ಇದನ್ನು ಓದುತ್ತಿರುವವರ ಮನೆಗಳಲ್ಲೇ ಇದ್ದಾರು.

ಈಗಿನ ಕಾಲದ ಒಬ್ಬ ತರುಣ ಇದನ್ನು ಕೇಳಿ, 'ಹತ್ತು ಹನ್ನೆರಡು ವರ್ಷದ ಹುಡುಗನನ್ನು ಹಗಲಿಡೀ ದುಡಿಸಿ ರಾತ್ರಿ ಶಾಲೆಗೆ ಕಳಿಸಿದ್ದು ಉಪಕಾರ ಹೇಗಾಯಿತು?' ಎಂದು ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ. 1986ರ ಬಾಲಕಾರ್ಮಿಕ ಕಾಯ್ದೆ ಬಂದಾಗಲೂ ಹೊಟೇಲಿನ ಮಾಣಿ ಅದರ ನಿಷೇಧದ ಕಕ್ಷೆಗೆ ಬಂದಿರಲಿಲ್ಲ. ಹೊಟೇಲು, ಧಾಬಾ, ಮನೆಗೆಲಸಗಳಲ್ಲಿ 14 ವರ್ಷದೊಳಗಿನವರನ್ನು ಇಟ್ಟುಕೊಳ್ಳಬಾರದೆಂಬ ನಿಷೇಧ ಜಾರಿಯಾದದ್ದು 2006ರ ಅಕ್ಟೋಬರ್ 10ರಂದು. ಅಲ್ಲಿಯವರೆಗೆ ರಾತ್ರಿ ಶಾಲೆ ಆ ದುಡಿಮೆಯನ್ನು ನಿಲ್ಲಿಸಲಿಲ್ಲ, ಸಹಿಸಬಹುದಾದದ್ದನ್ನಾಗಿ ಮಾಡಿತು ಎನ್ನಬಹುದು. ಆದರೂ ಆ ಹಿರಿಯರನ್ನು ಕಟಕಟೆಗೆ ಏರಿಸಲು ನನ್ನ ಮನಸ್ಸು ಒಪ್ಪುವುದಿಲ್ಲ. ಅವರಲ್ಲಿ ಎಷ್ಟೋ ಮಂದಿ ಸ್ವತಃ ಮಾಣಿಗಳಾಗಿದ್ದವರು. ಹುಡುಗನ ಹಗಲನ್ನು ಬಿಡಿಸಿಕೊಡುವ ಶಕ್ತಿ ಅವರಿಗಿರಲಿಲ್ಲ. ಅವನ ರಾತ್ರಿಯನ್ನು ಉಳಿಸಿಕೊಟ್ಟರು. ಅಂದು ಅದೇ ಧಾರಾಳತನ. ಹಗಲು ಮಗುವಿಗೆ ಸೇರಿದ್ದೆಂದು ಕಾನೂನೇ ಹೇಳಿರುವ ಇಂದು, ಕೂಲಿಕಾರರ ಮಕ್ಕಳಿಗೆ ಸಂಜೆ ಒಂದು ಗಂಟೆ ಪಾಠ ಹೇಳಿ 'ನಮ್ಮ ಹಿರಿಯರಂತೆ ನಾವೂ ಮಾಡಿದೆವು' ಎಂದರೆ ಅದು ಜಿಪುಣತನವಾಗುತ್ತದೆ.

ಇನ್ನೊಂದು ವ್ಯತ್ಯಾಸವೂ ಇದೆ. ಹೊಟೇಲಿನ ಹುಡುಗ ಬಂದವನು ಒಂದೇ ಕಡೆ ನಾಲ್ಕಾರು ವರ್ಷ ಇರುತ್ತಿದ್ದ. ಕೆಲಸ ಅಲ್ಲೇ, ನಿದ್ದೆ ಅಲ್ಲೇ, ಶಾಲೆ ಎರಡು ಬೀದಿಯಾಚೆ. ಯಜಮಾನ ಅವನ ಜಿಲ್ಲೆಯವನು, ಮಾಸ್ತರರು ಅವನ ಭಾಷೆಯವರು. ಎರಡು ದಿನ ತಪ್ಪಿಸಿಕೊಂಡರೆ 'ಎಲ್ಲಿ ಮಾರಾಯ ನಿನ್ನ ಹುಡುಗ?' ಎಂದು ಕೇಳುವವರಿದ್ದರು. ಇಂದು ಅಂಧೇರಿಯಲ್ಲಿ ಏಳುತ್ತಿರುವ ಕಟ್ಟಡಗಳ ಬುಡದಲ್ಲಿ, ತಗಡಿನ ಗುಡಿಸಲುಗಳಲ್ಲಿ ಇರುವ ಕುಟುಂಬಗಳಿಗೆ ಇಂಥ ಊರಿನವರು ಯಾರೂ ಇಲ್ಲ. ಕಲಬುರಗಿ, ಯಾದಗಿರಿ, ವಿಜಯಪುರ ಕಡೆಯಿಂದ ಬಂದವರು ಅವರಲ್ಲಿ ಎಷ್ಟೋ ಮಂದಿ. ಅಂದರೆ ಕನ್ನಡಿಗರೇ. ನಮ್ಮ ಸಂಘಗಳ ಸದಸ್ಯರ ಯಾದಿಯಲ್ಲಿ ಮಾತ್ರ ಅವರ ಹೆಸರು ಕಾಣುವುದಿಲ್ಲ.

ಒಮ್ಮೆ ಮರೋಳದ ಹತ್ತಿರ ಇಂಥದೊಂದು ಕಟ್ಟಡದ ಬಳಿ ಕನ್ನಡ ಮಾತು ಕೇಳಿ ನಿಂತೆ. ಮರಳು ಜರಡಿ ಹಿಡಿಯುತ್ತಿದ್ದ ತಾಯಿಯ ಪಕ್ಕದಲ್ಲಿ ಎಂಟೊಂಬತ್ತು ವರ್ಷದ ಹುಡುಗಿ ಒಂದು ಕೂಸನ್ನು ಸೊಂಟದ ಮೇಲೆ ಹೊತ್ತು ನಿಂತಿದ್ದಳು. 'ಮಗಳನ್ನು ಶಾಲೆಗೆ ಕಳಿಸುವುದಿಲ್ಲವೇನಮ್ಮ?' ಎಂದೆ. ಆಕೆ ಕೈ ನಿಲ್ಲಿಸದೆ, 'ಊರಾಗ ಸಾಲಿಗಿ ಹೆಸರು ಹಚ್ಚೀವ್ರೀ ಅಣ್ಣೋರ. ದೀಪಾಳಿ ಮುಗಿದ ಮ್ಯಾಲ ಇಲ್ಲಿಗಿ ಬಂದೀವಿ. ಹೆಸರು ಅಲ್ಲೇ ಅದ, ಹುಡುಗಿ ಇಲ್ಲಿ ಅದಾಳ' ಎಂದಳು.

ಇಡೀ ಸಮಸ್ಯೆ ಆ ಒಂದು ಮಾತಿನಲ್ಲಿದೆ. ಜೂನಿನಲ್ಲಿ ಹಾಜರಿ ಪುಸ್ತಕದಲ್ಲಿ ಹೆಸರು ಏರುತ್ತದೆ. ಸುಗ್ಗಿ ಮುಗಿದು ಊರಿನಲ್ಲಿ ಕೆಲಸವಿಲ್ಲವಾದಾಗ ಸಂಸಾರ ರೈಲು ಹತ್ತುತ್ತದೆ. ಇಲ್ಲಿಯ ಶಾಲೆಗೆ ಆಗ ಅರ್ಧ ವರ್ಷ ಕಳೆದಿದೆ. ಮಳೆಗಾಲಕ್ಕೆ ಮುಂಚೆ ಹಿಂದಿರುಗುವಾಗ ಊರಿನಲ್ಲಿ ಪರೀಕ್ಷೆ ಮುಗಿದಿರುತ್ತದೆ. ಎರಡು ರಾಜ್ಯಗಳ ಲೆಕ್ಕದ ನಡುವೆ ಮಗು ಜಾರಿ ಬೀಳುತ್ತದೆ. ಎರಡೂ ಕಡೆ ಕಾಗದಪತ್ರ ಸರಿಯಾಗಿಯೇ ಇರುತ್ತದೆ!

ಇಲ್ಲಿ ನನ್ನಂಥ ನೌಕರರು ತಮ್ಮ ಕಡೆ ತಿರುಗಿ ನೋಡಿಕೊಳ್ಳಬೇಕು. ಕೇಂದ್ರ ಸರಕಾರದ ನೌಕರನಿಗೆ ವರ್ಗವಾದರೆ ಮಕ್ಕಳ ಓದು ಕೆಡಬಾರದೆಂದು 1963ರಲ್ಲೇ ಕೇಂದ್ರೀಯ ವಿದ್ಯಾಲಯಗಳನ್ನು ಆರಂಭಿಸಿದರು. ಮೊದಲು ಸೈನ್ಯದ ಇಪ್ಪತ್ತು ಶಾಲೆಗಳನ್ನು ವಹಿಸಿಕೊಂಡು ಶುರುವಾದ ಏರ್ಪಾಡು ಇಂದು ಸಾವಿರದ ಇನ್ನೂರನ್ನು ದಾಟಿದೆ. ದೇಶದ ಯಾವ ಮೂಲೆಗೆ ಹೋದರೂ ಒಂದೇ ಪಠ್ಯಕ್ರಮ, ಒಂದೇ ವರ್ಷದ ಲೆಕ್ಕ. ನಾಗಪುರದಿಂದ ನನಗೆ ಇಲ್ಲಿಗೆ ವರ್ಗವಾದಾಗ ಮಗಳು ಒಂದು ವಾರದೊಳಗೆ ಹೊಸ ತರಗತಿಯಲ್ಲಿ ಕುಳಿತಿದ್ದಳು, ಅದೇ ಪುಸ್ತಕದ ಮುಂದಿನ ಪಾಠಕ್ಕೆ. ಇದರ ಮೇಲೆ ಇಬ್ಬರು ಮಕ್ಕಳವರೆಗೆ ಶಿಕ್ಷಣ ಭತ್ತೆ ಬೇರೆ. ಇದನ್ನು ಯಾರೂ ದಾನ ಎಂದು ಕರೆದದ್ದಿಲ್ಲ. ನಾವೂ ಕೈಮುಗಿದು ಪಡೆಯುವುದಿಲ್ಲ. ತಡವಾದರೆ ಯೂನಿಯನ್ನಿಗೆ ಹೋಗುತ್ತೇವೆ. ಅಪ್ಪನ ಕೆಲಸ ಅಲೆದಾಟದ್ದಾದರೆ ಮಗುವಿನ ಓದಿನ ಹೊಣೆ ಕೆಲಸ ಕೊಟ್ಟವರದ್ದು ಎಂಬ ತತ್ವವನ್ನು ದೇಶ ಆಗಲೇ ಒಪ್ಪಿಯಾಗಿದೆ ಎಂದಾಯಿತು. ಒಪ್ಪಿದ್ದು ನಮ್ಮ ಮಟ್ಟಿಗೆ. ಆರೆಂಟು ತಿಂಗಳಿಗೊಮ್ಮೆ, ವರ್ಗಾವಣೆಯ ಹುಕುಮೂ ಇಲ್ಲದೆ ವರ್ಗವಾಗುವ ಗಾರೆಕೆಲಸದವನ ಮಟ್ಟಿಗೆ ಅದು ಏಕೆ ಅನ್ವಯಿಸಬಾರದು? ಅವನ ಮಗುವಿಗೂ ನನ್ನ ಮಗುವಿಗೂ ಇರುವ ನ್ಯಾಯದ ವ್ಯತ್ಯಾಸ ಯಾವುದೆಂದು ಎಷ್ಟು ಹುಡುಕಿದರೂ ನನಗೆ ಸಿಗಲಿಲ್ಲ.

'ಆ ಮಕ್ಕಳಿಗೆ ಓದಿನಲ್ಲಿ ಆಸಕ್ತಿ ಇಲ್ಲ, ಎಷ್ಟು ಹೇಳಿಕೊಟ್ಟರೂ ತಲೆಗೆ ಹತ್ತುವುದಿಲ್ಲ' ಎಂದು ಸುಶಿಕ್ಷಿತರೇ ಹೇಳುವುದನ್ನು ಕೇಳಿದ್ದೇನೆ. ಬಿ.ಎಸ್ಸಿ.ಯಲ್ಲಿ ಸಸ್ಯಶಾಸ್ತ್ರ ಓದಿದವನಿಗೆ ಇದು ವಿಚಿತ್ರವಾಗಿ ಕೇಳಿಸುತ್ತದೆ. ಸಸಿ ಕಿತ್ತು ನೆಟ್ಟಾಗ ನೀರು ಹೀರುವ ಸೂಕ್ಷ್ಮ ಬೇರುಗಳು ಹರಿದುಹೋಗುತ್ತವೆ. ಹೊಸದು ಮೂಡುವ ತನಕ ಗಿಡ ಬಾಡುತ್ತದೆ. ಬುಡದ ಮಣ್ಣಿನ ಸಮೇತ ಎತ್ತಿ ನೆಟ್ಟರೆ ಅಷ್ಟು ಬಾಡುವುದಿಲ್ಲ. ತಿಂಗಳಿಗೊಮ್ಮೆ ಕಿತ್ತು ನೆಟ್ಟು, ಬೀಜವೇ ಕಳಪೆ ಎನ್ನುವ ರೈತನನ್ನು ನಾನು ಕಂಡಿಲ್ಲ.

ಬುಡದ ಮಣ್ಣು ಎಂದರೆ ಭಾಷೆ. ಮುಂಬಯಿ ಮಹಾನಗರಪಾಲಿಕೆ ಎಂಟು ಭಾಷೆಗಳಲ್ಲಿ ಶಾಲೆ ನಡೆಸುತ್ತದೆ, ಕನ್ನಡ ಅವುಗಳಲ್ಲೊಂದು. ಬಾಲಭಾರತಿ ಕನ್ನಡದಲ್ಲಿ ಪಠ್ಯಪುಸ್ತಕ ಮುದ್ರಿಸುತ್ತದೆ. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಸುವ ಸೌಕರ್ಯ ಇರಬೇಕೆಂದು 1956ರಲ್ಲಿ ಸಂವಿಧಾನಕ್ಕೆ 350ಎ ಕಲಮು ಸೇರಿತು. ಆದರೆ ಕನ್ನಡ ಶಾಲೆಗಳು ಕ್ಷೀಣಿಸುತ್ತಿವೆ, ಏಕೆಂದರೆ ನಮ್ಮ ಮಕ್ಕಳನ್ನು ನಾವು ಇಂಗ್ಲಿಷಿಗೆ ಹಾಕಿದೆವು. ಈಗ ಕೆಲವರು, 'ಉತ್ತರ ಕರ್ನಾಟಕದ ಕೂಲಿಗಾರರ ಮಕ್ಕಳನ್ನು ಸೇರಿಸಿದರೆ ಕನ್ನಡ ಶಾಲೆ ಉಳಿಯುತ್ತದೆ' ಎನ್ನುತ್ತಾರೆ. ಈ ಮಾತು ನನ್ನನ್ನು ಇರಿಯುತ್ತದೆ. ನಮ್ಮ ಮನೆಯ ಮಗುವನ್ನು ಬೇರೆ ಕಡೆ ಕಳಿಸಿ, ಬಡವನ ಮಗುವನ್ನು ಕನ್ನಡದ ಛಾವಣಿಗೆ ಕಂಬವಾಗಿ ನಿಲ್ಲಿಸುವುದು ಯಾವ ಭಾಷಾಭಿಮಾನ? ಇರಲಿ. ನಮ್ಮ ಉದ್ದೇಶ ಬದಿಗಿಟ್ಟು ಆ ಹುಡುಗಿಯ ಕಡೆಯಿಂದ ನೋಡಿದರೆ ಉತ್ತರ ಬೇರೆಯಾಗುತ್ತದೆ. ಅವಳು ಮೇ ತಿಂಗಳಲ್ಲಿ ಊರಿಗೆ ಹೋಗುವವಳು, ಮತ್ತೆ ಬರುವವಳು. ಇಲ್ಲಿ ಕನ್ನಡದಲ್ಲಿ ಕಲಿತರೆ ಊರಿನ ಶಾಲೆಯಲ್ಲಿ ಅದೇ ಅಕ್ಷರ, ಅದೇ ಮಗ್ಗಿ. ಪಠ್ಯ ಬೇರೆಯಾದರೂ ಓದು ತುಂಡಾಗುವುದಿಲ್ಲ. ನನ್ನ ಮಗಳಿಗೆ ಕೇಂದ್ರೀಯ ವಿದ್ಯಾಲಯ ಏನಾಗಿತ್ತೋ, ಅವಳಿಗೆ ಅಂಧೇರಿಯ ಕನ್ನಡ ತರಗತಿ ಅದಾಗಬಹುದು. ಮನೆಯಲ್ಲಿ ಲಂಬಾಣಿ ಆಡುವ ತಾಂಡಾದ ಮಕ್ಕಳಿಗೆ ಇದೂ ಪೂರ್ಣ ಪರಿಹಾರವಲ್ಲ; ಊರಿನ ಶಾಲೆಯ ಭಾಷೆ ಎಂಬಷ್ಟು ಮಟ್ಟಿಗೆ ಮಾತ್ರ ನಿಜ.

ಆ ತಾಂಡಾದವರ ಪಾಡು ಇನ್ನೊಂದು. ಲಂಬಾಣಿಗರು ಕರ್ನಾಟಕದಲ್ಲಿ ಪರಿಶಿಷ್ಟ ಜಾತಿ, ಮಹಾರಾಷ್ಟ್ರದಲ್ಲಿ ಬಂಜಾರರು ವಿಮುಕ್ತ ಜಾತಿಗಳ ಪಟ್ಟಿಯಲ್ಲಿದ್ದಾರೆ. ನಮ್ಮ ಪರೇಲಿನ ಸೇಠ್ ಜಿ.ಎಸ್. ಮೆಡಿಕಲ್ ಕಾಲೇಜಿನ ಪ್ರವೇಶಕ್ಕೆ ಸಂಬಂಧಿಸಿದ 1990ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟು, ಒಂದು ರಾಜ್ಯದಲ್ಲಿ ಪರಿಶಿಷ್ಟನೆನಿಸಿದವನು ಇನ್ನೊಂದು ರಾಜ್ಯಕ್ಕೆ ಬಂದು ಅಲ್ಲಿಯ ಸವಲತ್ತು ಕೇಳುವಂತಿಲ್ಲ ಎಂದಿತು. ಅದಕ್ಕೆ ಕಾನೂನಿನ ಕಾರಣಗಳಿವೆ. ಆದರೆ ಗಡಿ ದಾಟಿದಾಗ ಸವಲತ್ತು ಹಿಂದೆ ಉಳಿಯುತ್ತದೆ, ಬಡತನ ರೈಲಿನಲ್ಲಿ ಜೊತೆಗೇ ಬರುತ್ತದೆ.

ಕೂಸನ್ನು ಹೊತ್ತ ಆ ಹುಡುಗಿಯ ವಿಷಯಕ್ಕೆ ಬರೋಣ. ಅವಳಿಗೆ ಪಾಟಿ ಪುಸ್ತಕ ಕೊಟ್ಟರೂ ಪ್ರಯೋಜನವಿಲ್ಲ, ಕೈ ಖಾಲಿ ಇಲ್ಲ. ಇದನ್ನು ಮೊದಲು ಕಂಡುಕೊಂಡವರಲ್ಲಿ ಮೀರಾ ಮಹಾದೇವನ್ ಒಬ್ಬರು. 1969ರಲ್ಲಿ ದಿಲ್ಲಿಯಲ್ಲಿ ಗಾಂಧಿ ಶತಾಬ್ದಿಯ ಪ್ರದರ್ಶನಕ್ಕಾಗಿ ಕಟ್ಟಡ ಏಳುತ್ತಿದ್ದ ಜಾಗದಲ್ಲಿ ಧೂಳಿನಲ್ಲಿ ಬಿದ್ದಿದ್ದ ಮಕ್ಕಳನ್ನು ನೋಡಿ ಅವರು ಡೇರೆಯಲ್ಲಿ ತೆರೆದ ಶಿಶುಪಾಲನಾ ಕೇಂದ್ರವೇ 'ಮೊಬೈಲ್ ಕ್ರೆಶಸ್' ಸಂಸ್ಥೆಯಾಯಿತು. ಕೆಲವೇ ವರ್ಷಗಳಲ್ಲಿ ಮುಂಬಯಿಗೂ ಬಂತು. 1988ರಲ್ಲಿ ಇಲ್ಲೇ ಹುಟ್ಟಿದ 'ಡೋರ್ ಸ್ಟೆಪ್ ಸ್ಕೂಲ್' ಬಸ್ಸನ್ನೇ ತರಗತಿ ಮಾಡಿ ಮಕ್ಕಳಿದ್ದಲ್ಲಿಗೆ ಒಯ್ದಿತು. ತೊಟ್ಟಿಲು ತೂಗುವವರು ಸಿಕ್ಕಿದರೆ ಅಕ್ಕ ಶಾಲೆಗೆ ಹೋಗುತ್ತಾಳೆ. 1996ರ ಕಟ್ಟಡ ಕಾರ್ಮಿಕರ ಕಾಯ್ದೆಯಲ್ಲಿ, 50ಕ್ಕಿಂತ ಹೆಚ್ಚು ಹೆಂಗಸರು ದುಡಿಯುವಲ್ಲಿ ಆರು ವರ್ಷದೊಳಗಿನ ಮಕ್ಕಳಿಗೆ ಕೋಣೆ ಇರಬೇಕೆಂದು ಬರೆದಿದ್ದರು. ಮುಕಾದಮರ ಹೆಸರಿನಲ್ಲಿ ಹೆಂಗಸರನ್ನು ಹಂಚಿ ತೋರಿಸಿ ಐವತ್ತನ್ನು ದಾಟದೇ ಇದ್ದರೆ ಕೋಣೆಯ ಮಾತೇ ಏಳುತ್ತಿರಲಿಲ್ಲ. ಲೆಕ್ಕ ಬಲ್ಲವರಿಗೆ ಇದು ಕಷ್ಟದ ಕೆಲಸವಾಗಿರಲಿಲ್ಲ.

ಬಾಕಿಯ ಲೆಕ್ಕವನ್ನೂ ನೋಡಿಬಿಡೋಣ. ಗೋಖಲೆಯವರು ಕಡ್ಡಾಯ ಪ್ರಾಥಮಿಕ ಶಿಕ್ಷಣದ ಮಸೂದೆ ಮಂಡಿಸಿದ್ದು 1911ರಲ್ಲಿ, ಅದು ಬಿದ್ದುಹೋಯಿತು. 1950ರ ಸಂವಿಧಾನ ಹತ್ತು ವರ್ಷಗಳೊಳಗೆ 14 ವರ್ಷದವರೆಗಿನ ಎಲ್ಲ ಮಕ್ಕಳಿಗೂ ಉಚಿತ ಶಿಕ್ಷಣಕ್ಕೆ ಯತ್ನಿಸಬೇಕೆಂದಿತು. ಅದು ಮೂಲಭೂತ ಹಕ್ಕಾದದ್ದು 2002ರ ತಿದ್ದುಪಡಿಯಲ್ಲಿ, ಕಾಯ್ದೆ ಬಂದದ್ದು 2009ರಲ್ಲಿ, ಜಾರಿಯಾದದ್ದು 2010ರ ಏಪ್ರಿಲ್ 1ರಂದು. 1960ರ ಗಡುವಿನಿಂದ ಎಣಿಸಿದರೆ ಐವತ್ತು ವರ್ಷದ ಅರಿಯರ್ಸು. ನಮ್ಮ ಡಿ.ಎ. ಬಾಕಿ ಆರು ತಿಂಗಳು ನಿಂತರೆ ನಾವು ಏನೇನು ಮಾಡುತ್ತೇವೆಂದು ವಾಚಕರಿಗೆ ಗೊತ್ತಿದೆ.

ಆ ಕಾಯ್ದೆಯ ಕೆಲವು ಕಲಮುಗಳು ನಮ್ಮ ಸಂಘದ ಕೆಲಸಕ್ಕೆ ಒದಗುವಂಥವು. ವಲಸೆ ಕುಟುಂಬಗಳ ಮಕ್ಕಳ ಪ್ರವೇಶವನ್ನು ಖಚಿತಪಡಿಸುವುದು ಸ್ಥಳೀಯ ಆಡಳಿತದ ಕರ್ತವ್ಯವೆಂದು 9ನೆಯ ಕಲಮು ಹೇಳುತ್ತದೆ. ಶಾಲೆ ಬಿಟ್ಟ ಪ್ರಮಾಣಪತ್ರ ತಡವಾಯಿತೆಂದು ಸೇರಿಸಿಕೊಳ್ಳದೆ ಇರುವಂತಿಲ್ಲವೆಂದು 5ನೆಯದು, ವಯಸ್ಸಿನ ದಾಖಲೆ ಇಲ್ಲವೆಂದು ಹಿಂದೆ ಕಳಿಸುವಂತಿಲ್ಲವೆಂದು 14ನೆಯದು. ವಯಸ್ಸಿಗೆ ತಕ್ಕ ತರಗತಿಗೇ ಸೇರಿಸಬೇಕೆಂದು 4ನೆಯದು. ಮರೋಳದ ಆ ತಾಯಿಗೆ ಇದ್ಯಾವುದೂ ತಿಳಿಯದು. ಮುಖ್ಯಾಧ್ಯಾಪಕರೆದುರು ಮರಾಠಿಯಲ್ಲಿ ಹೇಳಲೂ ಬಾರದು. ಅರ್ಜಿ ಬರೆದು, ಕಲಮು ತೋರಿಸಿ ಮಾತನಾಡಬಲ್ಲ, ಕನ್ನಡ ಮರಾಠಿ ಎರಡೂ ಬಲ್ಲ ನಿವೃತ್ತ ಗುಮಾಸ್ತರು ನಮ್ಮ ಸಂಘದಲ್ಲಿ ಇಪ್ಪತ್ತು ಮಂದಿಯಾದರೂ ಇದ್ದಾರೆ. ದೀಪಾವಳಿ ಕಳೆದ ಮೇಲಿನ ಎರಡು ವಾರ, ಭಾನುವಾರದ ಬೆಳಿಗ್ಗೆ, ಅವರು ಜೋಡಿಯಾಗಿ ಒಂದೊಂದು ಕಟ್ಟಡದ ಬಳಿ ಹೋಗಿ ಹೆಸರು ಬರೆದುಕೊಂಡು ಬರಬಹುದು. ಹಗಲಿಡೀ ಬೀಗ ಹಾಕಿರುವ ನಮ್ಮ ಸಭಾಗೃಹದ ಹಿಂದಿನ ಕೋಣೆಯಲ್ಲಿ ಹತ್ತು ತೊಟ್ಟಿಲು ಕಟ್ಟುವಷ್ಟು ಜಾಗ ಇದೆ. ಮುಂದಿನ ಕಾರ್ಯಕಾರಿ ಸಮಿತಿಯ ಸಭೆಗೆ ಈ ಎರಡೂ ವಿಷಯಗಳನ್ನು ಬರೆದು ಕೊಟ್ಟಿದ್ದೇನೆ. 'ವಿದ್ಯಾದಾನ ನಿಧಿ' ಎಂಬ ತಲೆಬರಹದ ಕೆಳಗೆ ಸೇರಿಸಬೇಡಿರೆಂದು ಕೇಳಿಕೊಂಡಿದ್ದೇನೆ.