ಒಂಟಿ ಮರ ಮತ್ತು ಕೂಡಿದ ಕಾಡು



*ದಿನಕ್ಕೊಂದು ಧಮ್ಮ ಚಿಂತನ: ವರ್ಷಾವಾಸದ ಓದು*
(ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಬಳಗ)



ನಮ್ಮದು ಎರಿ ಹೊಲದ ಸೀಮೆ. ಬದುವಿನ ಮೇಲೆ ಒಂದು ಬೇವು, ಹಳ್ಳದ ದಂಡೆಗೆ ನಾಲ್ಕು ಜಾಲಿ, ಊರ ಅಗಸಿಯ ಹತ್ತಿರ ಒಂದು ಆಲ ಇಲ್ಲವೇ ಅರಳಿ. ನಮ್ಮ ಕಣ್ಣಿಗೆ ಬೀಳುವ ದೊಡ್ಡ ಮರಗಳು ಹೆಚ್ಚಾಗಿ ಒಂಟಿ ಮರಗಳೇ. ಕಾಡು ನೋಡಬೇಕೆಂದರೆ ಖಾನಾಪುರ ದಾಟಿ ಕಣಕುಂಬಿಯ ಕಡೆಗೆ ಹೋಗಬೇಕು. ಅಲ್ಲಿ ಹುಟ್ಟುವ ಮಲಪ್ರಭೆ ಎಂ.ಕೆ. ಹುಬ್ಬಳ್ಳಿ, ನವಿಲುತೀರ್ಥ, ರಾಮದುರ್ಗ ಹಾದು ಕೂಡಲಸಂಗಮ ಸೇರುತ್ತದೆ. ನಮ್ಮ ಹೊಲಕ್ಕೂ ಕೊಡಕ್ಕೂ ಬರುವ ಈ ನೀರಿನ ತವರು ಆ ಕಾಡು. ಇವತ್ತು ಅದಕ್ಕಿಂತ ಬಹಳ ದೂರದ ಒಂದು ಕಾಡಿಗೆ ಹೋಗಿ, ಅಲ್ಲಿ ಕಂಡದ್ದನ್ನು ನಮ್ಮ ಕೇರಿಗೆ ತರೋಣ.

*🌲 ಭೂಮಿಯ ಮೇಲೆ ಎಲ್ಲಕ್ಕಿಂತ ಎತ್ತರದ ಮರ*

ಅಮೆರಿಕದ ಕ್ಯಾಲಿಫೋರ್ನಿಯಾ ಕರಾವಳಿಯಲ್ಲಿ ರೆಡ್‌ವುಡ್ ಎಂಬ ಮರಗಳ ಕಾಡಿದೆ. ತೊಗಟೆಯ ಕೆಂಪು ಬಣ್ಣದಿಂದ ಆ ಹೆಸರು. 2006ರಲ್ಲಿ ಗುರುತಿಸಿದ ಒಂದು ಮರದ ಎತ್ತರ 115 ಮೀಟರಿಗೂ ಹೆಚ್ಚು. ನಮ್ಮ ವಿಜಯಪುರದ ಗೋಳಗುಮ್ಮಟದ ಎತ್ತರ ಸುಮಾರು 51 ಮೀಟರ್. ಒಂದರ ಮೇಲೊಂದು ಎರಡು ಗೋಳಗುಮ್ಮಟ ಇಟ್ಟರೂ ಆ ಮರದ ತುದಿ ಇನ್ನೂ ಮೇಲೆಯೇ ಉಳಿಯುತ್ತದೆ. ಇವುಗಳಲ್ಲಿ ಕೆಲವು ಮರಗಳಿಗೆ 2000 ವರ್ಷ ದಾಟಿದೆ. ಸನ್ನತಿಯ ಹತ್ತಿರ ಕನಗನಹಳ್ಳಿಯಲ್ಲಿ ಶಿಲ್ಪಿಗಳು ಸ್ತೂಪಕ್ಕೆ ಕಲ್ಲು ಕೆತ್ತುತ್ತಿದ್ದ ಕಾಲಕ್ಕೆ ಮೊಳೆತ ಮರಗಳು ಅಲ್ಲಿ ಇಂದೂ ಚಿಗುರುತ್ತಿವೆ. ಇಷ್ಟು ದೊಡ್ಡ ಮರದ ಬೀಜವೋ, ಟೊಮೆಟೊ ಬೀಜದಷ್ಟು ಸಣ್ಣದು.

ಅಲ್ಲಿ ಬೇಸಿಗೆಯಲ್ಲಿ ಮಳೆ ಇಲ್ಲವೆಂದರೂ ಸರಿ. ಆದರೆ ಕಡಲಿನಿಂದ ಮಂಜು ಏರಿ ಬರುತ್ತದೆ. ಮರಗಳ ಎಲೆ ಆ ಮಂಜನ್ನು ಹಿಡಿದು ಕುಡಿಯುತ್ತದೆ, ಮಿಕ್ಕದ್ದು ಹನಿಹನಿಯಾಗಿ ನೆಲಕ್ಕೆ ಬೀಳುತ್ತದೆ. ಆ ಹನಿಯಿಂದ ಬುಡದ ಜರಿಗಿಡ, ಪಾಚಿ, ಹುಳುಹುಪ್ಪಟೆ ಎಲ್ಲವೂ ಬದುಕುತ್ತವೆ. ಆಕಾಶ ಮುಟ್ಟುವಂತೆ ಬೆಳೆದ ಮರ ತಾನು ಹಿಡಿದ ನೀರಿನಲ್ಲಿ ಕಾಲಬುಡದ ಹುಲ್ಲಿಗೂ ಪಾಲು ಕೊಡುತ್ತದೆ.

*🙏 ಮರವನ್ನು ಮೆಚ್ಚಿದರೆ ಪೂಜೆ ಮಾಡಿದಂತೆಯೇ?*

ನಮ್ಮಲ್ಲಿ ಕೆಲವರು ಕೇಳುವ ಪ್ರಶ್ನೆ ಇದು: “22 ಪ್ರತಿಜ್ಞೆ ತೊಗೊಂಡವ್ರು ನಾವು. ಮತ್ತ ಬೋಧಿವೃಕ್ಷಕ್ಕ ಯಾಕ ಕೈ ಮುಗೀಬೇಕು? ಮರ ಸುತ್ತೋದನ್ನ ಬಿಟ್ಟು ಬಂದೀವಲ್ಲ?”

ಒಳ್ಳೆಯ ಪ್ರಶ್ನೆ. ಮರಕ್ಕೆ ದಾರ ಸುತ್ತಿ ಹರಕೆ ಹೊರುವವರು ಅದರಿಂದ ಏನನ್ನೋ ಬೇಡುತ್ತಾರೆ. ಬುದ್ಧರು ಬೇಡಲಿಲ್ಲ. ಬೋಧಿ ಪ್ರಾಪ್ತಿಯ ನಂತರ ಅವರು ಏಳು ದಿನ ಆ ಅರಳಿ ಮರವನ್ನು ರೆಪ್ಪೆ ಮುಚ್ಚದೆ ನೋಡುತ್ತಾ ನಿಂತರೆಂದು ಪರಂಪರೆ ಹೇಳುತ್ತದೆ. ನೆರಳು ಕೊಟ್ಟದ್ದಕ್ಕೆ ಸಲ್ಲಿಸಿದ ಕೃತಜ್ಞತೆ ಅದು. ನಾವು ಕೈ ಮುಗಿಯುವುದೂ ಆ ನೆನಪಿಗೆ. ಇನ್ನು ಚೆಲುವಿನ ಮಾತು. ಕಾಡಿನ ಚೆಲುವನ್ನು ಸವಿಯುವುದು ಮೋಹವೆಂದು ಭಿಕ್ಖುಗಳು ತಿಳಿಯಲಿಲ್ಲ. ಕಠಿಣ ವ್ರತಕ್ಕೆ ಹೆಸರಾದ ಮಹಾಕಸ್ಸಪರೇ ಬೆಟ್ಟದ ಬಂಡೆ, ತಂಪು ನೀರು, ಹೂಬಿಟ್ಟ ಗಿಡಗಳನ್ನು ಕಂಡು ತಮಗಾದ ಸಂತೋಷವನ್ನು ಥೇರಗಾಥೆಯಲ್ಲಿ ಹೇಳಿಕೊಂಡಿದ್ದಾರೆ. ನೋಡಿ ಸಂತೋಷಪಡುವವನು ಮರವನ್ನು ಉಳಿಸುತ್ತಾನೆ, ‘ನನಗೇ ಬೇಕು’ ಎನ್ನುವವನು ಕಡಿಯುತ್ತಾನೆ. ಮಳೆಗಾಲದಲ್ಲಿ ಭಿಕ್ಖುಗಳು ಓಡಾಡಿದರೆ ಎಳೆ ಹುಲ್ಲು, ಸಣ್ಣ ಜೀವಗಳು ಕಾಲಡಿ ಸಿಕ್ಕುತ್ತವೆ ಎಂದು ಜನ ದೂರಿದ್ದರಿಂದಲೇ ಈ ವರ್ಷಾವಾಸ ಹುಟ್ಟಿತು ಎಂಬುದನ್ನೂ ಮರೆಯಬಾರದು.

ಮಿಲಿಂದನಿಗೆ ನಾಗಸೇನರು ಹೇಳಿದ ಮಾತುಗಳಲ್ಲಿಯೂ ಮರ ಬರುತ್ತದೆ. ಮರ ನೆರಳು ಕೊಡುವಾಗ ಭೇದ ಎಣಿಸುವುದಿಲ್ಲ, ಸಾಧಕನೂ ಹಾಗೆಯೇ ಇರಬೇಕು ಎಂಬುದು ಅದರ ಭಾವ. ಊರ ನಡುವಿನ ಆಲದ ನೆರಳು ಎಲ್ಲರಿಗೂ ಒಂದೇ ಇತ್ತು. ಅದರ ಬುಡಕ್ಕೆ ಕಟ್ಟಿದ ಕಟ್ಟೆಯ ಮೇಲೆ ಮಾತ್ರ ನಮ್ಮ ಅಜ್ಜ ಮುತ್ತಜ್ಜಂದಿರು ಕೂಡುವಂತಿರಲಿಲ್ಲ. ಭೇದ ಮಾಡಿದ್ದು ಮನುಷ್ಯನ ಕಟ್ಟೆ. ಮರಕ್ಕೆ ಅದು ಗೊತ್ತೇ ಇಲ್ಲ.

*🌱 ಬೇರಿನ ಗುಟ್ಟು*

ಈಗ ಇವತ್ತಿನ ಮುಖ್ಯ ಮಾತಿಗೆ ಬರೋಣ. 115 ಮೀಟರ್ ಎತ್ತರದ ಮರದ ಬೇರು ಎಷ್ಟು ಆಳ ಇರಬಹುದು? ಪಾತಾಳ ಮುಟ್ಟಿರಬೇಕು ಎಂದುಕೊಳ್ಳುತ್ತೇವೆ. ರೆಡ್‌ವುಡ್‌ಗೆ ತಾಯಿಬೇರೇ ಇಲ್ಲ. ಬೇರು ನೆಲದೊಳಗೆ ಇಳಿಯುವುದು ಹೆಚ್ಚೆಂದರೆ ಮೂರು ನಾಲ್ಕು ಮೀಟರ್. ಆದರೆ ಅಗಲಕ್ಕೆ ಸುಮಾರು 30 ಮೀಟರ್‌ವರೆಗೆ ಹರಡುತ್ತದೆ. ಹರಡಿ, ಪಕ್ಕದ ಮರದ ಬೇರಿಗೆ ಹೆಣೆದುಕೊಳ್ಳುತ್ತದೆ. ಅದು ಅದರ ಪಕ್ಕದ್ದಕ್ಕೆ. ಹೀಗೆ ನೆಲದೊಳಗೆ ಇಡೀ ಕಾಡು ಒಂದರ ಕೈ ಒಂದು ಹಿಡಿದಿರುತ್ತದೆ. ಗಾಳಿ ಬಂದರೆ ಅದು ಒಂದು ಮರವನ್ನು ಬೀಳಿಸಲು ಇಡೀ ಕಾಡಿನೊಂದಿಗೆ ಜಗ್ಗಾಡಬೇಕು.

“ನಿಮ್ಮ ಬೌದ್ಧ ಧರ್ಮ ಅಂದ್ರ ನಿನ್ನೆ ಮೊನ್ನಿದು, ಅದಕ್ಕ ಬೇರು ಎಲ್ಲೈತಿ?” ಎಂಬ ಕುಹಕವನ್ನು ನಾವೆಲ್ಲ ಕೇಳಿದ್ದೇವೆ. ಈ ನೆಲದಲ್ಲಿ ಧಮ್ಮದ ಬೇರು ಅಶೋಕನ ಕಾಲದ್ದು, ಮಸ್ಕಿ ಕೊಪ್ಪಳದ ಬಂಡೆಗಳೇ ಸಾಕ್ಷಿ ಎಂದು ಉತ್ತರ ಕೊಡಬಹುದು. ಅದು ನಿಜವೂ ಹೌದು. ಆದರೆ ನಮ್ಮ ಮನೆಗಳಲ್ಲಿ ಧಮ್ಮ ಮತ್ತೆ ಚಿಗುರಿದ್ದು 1956ರ ಅಕ್ಟೋಬರ್ 14ರ ನಾಗಪುರ ದೀಕ್ಷೆಯ ನಂತರ. ಒಂದೆರಡು ತಲೆಮಾರಿನ ಬೇರು ಆಳಕ್ಕೆ ಇಳಿದಿಲ್ಲ ಎಂದು ಅಳುಕಬೇಕಿಲ್ಲ. ಲೋಕದ ಅತಿ ಎತ್ತರದ ಮರವೂ ಆಳದ ಬಲದಿಂದ ನಿಂತಿಲ್ಲ. ನಾವು ಅಳುಕಬೇಕಾದ್ದು ಬೇರೊಂದಕ್ಕೆ: ನಮ್ಮ ಬೇರುಗಳು ಒಂದಕ್ಕೊಂದು ಹೆಣೆದಿವೆಯೇ?

*📖 ರುಕ್ಖಧಮ್ಮ ಜಾತಕ*

ಇದೇ ತಿರುಳಿನ ಒಂದು ಜಾತಕವಿದೆ. ಜಾತಕಗಳನ್ನು ನಾವು ನೀತಿಕಥೆಯಾಗಿ ಓದುವವರು. ಮರಗಳಲ್ಲಿ ವಾಸಿಸುವ ದೇವತೆಗಳಿಗೆ ತಮತಮಗೆ ಬೇಕಾದ ಮರ ಆರಿಸಿಕೊಳ್ಳಲು ಅಪ್ಪಣೆಯಾಗುತ್ತದೆ. ಅವರಲ್ಲಿ ವಿವೇಕಿಯೊಬ್ಬ, “ಬಯಲಿನ ಒಂಟಿ ಮರ ಬೇಡ, ಸಾಲ ವನದೊಳಗೆ ನನ್ನ ಸುತ್ತಲೇ ಇರಿ” ಎನ್ನುತ್ತಾನೆ. ಕೆಲವರು ಕೇಳುತ್ತಾರೆ. ಉಳಿದವರಿಗೆ ಊರ ಹತ್ತಿರದ ಹೆಮ್ಮರಗಳ ಮೇಲೆ ಆಸೆ. ಅಲ್ಲಿ ಜನ ಎಡೆ ಇಡುತ್ತಾರೆ, ಮಾನ ಮರ್ಯಾದೆ ಹೆಚ್ಚು. ಒಂದು ದಿನ ಬಿರುಗಾಳಿ ಬೀಸುತ್ತದೆ. ಗಟ್ಟಿ ಬೇರಿನ ಒಂಟಿ ಹೆಮ್ಮರಗಳೆಲ್ಲ ಬುಡಮೇಲಾಗುತ್ತವೆ. ಒತ್ತಾಗಿ ನಿಂತ ಸಾಲ ವನದಲ್ಲಿ ಒಂದೂ ಮರ ಬೀಳುವುದಿಲ್ಲ. ಮನೆ ಕಳೆದುಕೊಂಡವರು ಮಕ್ಕಳ ಕೈ ಹಿಡಿದು ಅದೇ ವನಕ್ಕೆ ಬರುತ್ತಾರೆ.

ಬುದ್ಧರು ಈ ಕಥೆ ಹೇಳಿದ್ದು ನೀರಿಗಾಗಿ ಜಗಳಕ್ಕೆ ನಿಂತ ತಮ್ಮ ಬಂಧುಗಳಿಗೆ. ರೋಹಿಣಿ ನದಿಯ ನೀರಿಗಾಗಿ ಶಾಕ್ಯರು ಮತ್ತು ಕೋಲಿಯರು ಕಾದಾಡಿದ ಸಂಗತಿ ನಿಮಗೆ ಗೊತ್ತು. ಸಿದ್ಧಾರ್ಥರು ಮನೆ ಬಿಟ್ಟದ್ದು ಆ ಯುದ್ಧವನ್ನು ವಿರೋಧಿಸಿದ್ದರಿಂದ ಎಂದು ಬಾಬಾಸಾಹೇಬರು ‘ಬುದ್ಧ ಮತ್ತು ಆತನ ಧಮ್ಮ’ದಲ್ಲಿ ವಿವರಿಸಿದ್ದಾರೆ. ಹೊಳೆ ನೀರಿನ ಬೆಲೆ ಬಲ್ಲ ಮಲಪ್ರಭೆ ದಂಡೆಯ ನಮಗೆ ಈ ಕಥೆ ದೂರದ್ದಲ್ಲ.

*🏘️ ನಮ್ಮ ಕೇರಿಯ ಮಾತು*

ಒಂದು ಊರಿನಲ್ಲಿ ದೀಕ್ಷೆ ತೆಗೆದುಕೊಂಡ ಮನೆ ಒಂದೋ ಎರಡೋ ಇರುತ್ತವೆ. ಎಲ್ಲರೂ ಜಾತ್ರೆಗೆ ಗುಡ್ಡಕ್ಕೆ ಹೊರಟಾಗ ಆ ಮನೆಯ ಬಂಡಿ ಹೊರಡುವುದಿಲ್ಲ. ಮದುವೆಯಲ್ಲಿ ಪಂಚಶೀಲ ಹೇಳಿದರೆ ಬೀಗರು ಮುನಿಯುತ್ತಾರೆ. ಮಗುವಿಗೆ ಜ್ವರ ಬಂದರೆ, “ದೇವ್ರನ್ನ ಬಿಟ್ಟಿರಲ್ಲ, ಅದಕ್ಕs” ಎನ್ನುವ ಮಾತು ಬರುತ್ತದೆ. ಆ ಹೊತ್ತಿಗೆ ಗಂಡ ಹೆಂಡತಿ ಎಷ್ಟೇ ಗಟ್ಟಿಯಾಗಿದ್ದರೂ ಅವರು ಬಯಲಿನ ಒಂಟಿ ಮರವೇ. ಪಕ್ಕದ ಊರಿನಿಂದ ಇಬ್ಬರು ಉಪಾಸಕರು ಬಂದು ಮನೆಯಲ್ಲಿ ಕೂತು ವಂದನೆ ಮಾಡಿ, ಮಗುವನ್ನು ದವಾಖಾನೆಗೆ ಕರೆದೊಯ್ದರೆ, ಅಂದು ಬೇರಿಗೆ ಬೇರು ಹೆಣೆದಂತೆ.

ನಮ್ಮೊಳಗಿನ ಬಿರುಕನ್ನೂ ನೋಡಬೇಕು. ಒಂದೇ ಊರಿನಲ್ಲಿ ಎರಡು ಜಯಂತಿ ಮೆರವಣಿಗೆ. ಬಲಗೈ ಎಡಗೈ ಎಂಬ ಹಳೆಯ ಎಣಿಕೆ ದೀಕ್ಷೆಯ ನಂತರವೂ ಹೆಣ್ಣು ಕೊಡುವಾಗ, ತರುವಾಗ ತಲೆ ಎತ್ತುತ್ತದೆ. ಒಂದು ಹಾರ, ಒಂದು ವೇದಿಕೆಯ ಕುರ್ಚಿಗಾಗಿ ಬಳಗವನ್ನು ಬಿಟ್ಟು ಹೋಗುವವರು, ಎಡೆಯ ಆಸೆಗೆ ಊರ ಮರ ಆರಿಸಿಕೊಂಡ ಆ ದೇವತೆಗಳಂತೆಯೇ. ಗಾಳಿ ಬೀಸದಿರುವವರೆಗೆ ಚೆನ್ನಾಗಿಯೇ ಇರುತ್ತದೆ.

ಊರು ಬಿಟ್ಟು ಬೆಂಗಳೂರು, ಪುಣೆ ಸೇರಿದ ಮಕ್ಕಳಿಗೂ ಒಂದು ಮರ ತೋರಿಸಬೇಕು. ನಮ್ಮ ಬೈಲಹೊಂಗಲ ತಾಲೂಕಿನ ಸಂಗೊಳ್ಳಿ ರಾಯಣ್ಣನನ್ನು 1831ರ ಜನವರಿ 26ರಂದು ನಂದಗಡದ ಹತ್ತಿರ ಗಲ್ಲಿಗೇರಿಸಿದರು. ಅವನ ಸಮಾಧಿಯ ಮೇಲೆ ಗೆಳೆಯನೊಬ್ಬ ನೆಟ್ಟನೆಂದು ಹೇಳುವ ಆಲ ಇಂದು ಹೆಮ್ಮರ. ಆಲದ ಕೊಂಬೆ ದೂರ ಚಾಚಬೇಕಾದರೆ ಬಿಳಲು ಇಳಿಸಿ ನೆಲ ಹಿಡಿಯಬೇಕು. ಇಳಿಸದ ಕೊಂಬೆ ತನ್ನ ಭಾರಕ್ಕೆ ತಾನೇ ಮುರಿಯುತ್ತದೆ. ಕಲಿತವರು ತಮ್ಮ ಜನರನ್ನು ಮರೆತರೆಂದು ಬಾಬಾಸಾಹೇಬರು 1956ರ ಮಾರ್ಚ್‌ನಲ್ಲಿ ಆಗ್ರಾದಲ್ಲಿ ನೊಂದುಕೊಂಡದ್ದು ಇದಕ್ಕೇ.

*🪓 ಕಡಿದರೂ ಚಿಗುರುವ ಬುಡ*

ಆ ರೆಡ್‌ವುಡ್ ಕಾಡಿಗೂ ಕೊಡಲಿ ತಪ್ಪಲಿಲ್ಲ. 1850ರ ಸುಮಾರಿಗೆ ಚಿನ್ನದ ಆಸೆಗೆ ಬಂದ ಜನ ಮರಕ್ಕೂ ಕೈ ಹಾಕಿದರು. ಹಳೆಯ ಕಾಡಿನಲ್ಲಿ ನೂರಕ್ಕೆ 95 ಪಾಲು ಹೋಯಿತು, ಉಳಿದದ್ದು 5 ಪಾಲು ಮಾತ್ರ. ಆ ಕಾಡಿನ ಮೂಲ ಜನರಾದ ಯುರೋಕರಂಥವರನ್ನೂ ಅವರ ನೆಲದಿಂದ ಒಕ್ಕಲೆಬ್ಬಿಸಿದರು. ಮರ ಕಡಿಯುವ ತಣ್ಹೆಯೂ ಮನುಷ್ಯನನ್ನು ತುಳಿಯುವ ತಣ್ಹೆಯೂ ಒಂದೇ. ಆದರೂ ಕಡಿದ ರೆಡ್‌ವುಡ್‌ನ ಬುಡ ಸಾಯುವುದಿಲ್ಲ. ಅದರ ಸುತ್ತ ಹೊಸ ಮರಗಳು ವರ್ತುಲವಾಗಿ ಏಳುತ್ತವೆ.

ಬಿದ್ದ ಮರವನ್ನು ಎತ್ತಿ ನಿಲ್ಲಿಸಿದ್ದು ನಮ್ಮ ಸೀಮೆಯಲ್ಲೂ ಉಂಟು. ಹಾವೇರಿ ಜಿಲ್ಲೆಯ ಸವಣೂರಿನ ಮೂರು ದೊಡ್ಡ ಹುಣಸೆ ಮರಗಳನ್ನು ಕೆಲವರು ನೋಡಿರಬಹುದು. ಅವು ಆಫ್ರಿಕಾ ಮೂಲದವು, ಹತ್ತಾರು ಜನ ಕೈ ಹಿಡಿದು ತಬ್ಬಿಕೊಳ್ಳುವಷ್ಟು ದಪ್ಪ. 2023ರ ಜುಲೈ ಮಳೆಯಲ್ಲಿ ಅವುಗಳಲ್ಲೊಂದು ಬುಡಸಮೇತ ಉರುಳಿತು. ಕೊಂಬೆ ಸವರಿ, ಯಂತ್ರ ತರಿಸಿ, ಅದನ್ನು ಮತ್ತೆ ಅದೇ ಜಾಗದಲ್ಲಿ ನೆಟ್ಟರು. ಬಿದ್ದದ್ದು ತಾನಾಗಿ ಏಳಲಿಲ್ಲ. ನಾಲ್ಕು ಜನ ‘ಇದು ಹೋಗಬಾರದು’ ಅಂದುಕೊಂಡದ್ದರಿಂದ ಎದ್ದಿತು.

*✅ ಇಂದಿನ ಆಚರಣೆ*

1️⃣ ನಿಮಗೆ ಗೊತ್ತಿರುವ, ಊರಲ್ಲಿ ಒಂಟಿಯಾಗಿರುವ ಒಂದು ಧಮ್ಮ ಕುಟುಂಬಕ್ಕೆ ಇವತ್ತೇ ಫೋನ್ ಮಾಡಿ. ಬರುವ ಭಾನುವಾರದ ವಂದನೆ ಅವರ ಮನೆಯಲ್ಲಿ ಆಗಲಿ.

2️⃣ ಮಾತು ಬಿಟ್ಟ ಒಬ್ಬ ಬಂಧುವಿನ ಜೊತೆ ನೀವೇ ಮೊದಲು ಮಾತಾಡಿ.

3️⃣ ಈ ಮಳೆಗಾಲದಲ್ಲಿ ಒಂದು ಸಸಿ ನೆಡಿ. ಅರಳಿ, ಬೇವು, ಹುಣಸೆ ಯಾವುದಾದರೂ ಸರಿ. ಎರಿ ನೆಲ ಬೇಸಿಗೆಯಲ್ಲಿ ಬಿರಿಯುತ್ತದೆ. ಮೂರು ಬೇಸಿಗೆ ನೀರು ಹಾಕುವವರು ಯಾರೆಂದು ನೆಡುವ ದಿನವೇ ಮಕ್ಕಳೊಂದಿಗೆ ಕೂತು ಗೊತ್ತುಮಾಡಿ. ಬುಡಕ್ಕೆ ಕಟ್ಟೆ ಕಟ್ಟಿದರೆ ಅದು ಎಲ್ಲರೂ ಕೂಡುವ ಕಟ್ಟೆಯಾಗಿರಲಿ.

ತಿಸರಣದ ಮೂರನೆಯ ಶರಣು ಸಂಘಕ್ಕೆ. ಇಂದು ಅದನ್ನು ಹೇಳುವಾಗ ನೆಲದೊಳಗೆ ಕೈ ಹಿಡಿದು ನಿಂತ ಆ ಬೇರುಗಳನ್ನು ನೆನೆಯೋಣ.

ಸಾಧು, ಸಾಧು, ಸಾಧು 🙏
ನಮೋ ಬುದ್ಧಾಯ. ಜೈ ಭೀಮ್ 💙

_ಓದಿ, ಮನೆಯವರಿಗೆ ಓದಿ ಹೇಳಿ, ನಿಮ್ಮ ಊರಿನ ಗುಂಪಿಗೆ ಕಳಿಸಿ._