ಕಾವಲುಗಾರನ ತೋಟಾ, ಶ್ರಾವಕನ ಲೆಕ್ಕ

ನಮ್ಮ ಸೀಮೆಯ ಒಂದು ಬಸದಿಯ ಟ್ರಸ್ಟಿನವರು ಕಳೆದ ಮಳೆಗಾಲದಲ್ಲಿ ನನಗೊಂದು ಪತ್ರ ಬರೆದಿದ್ದರು. ಜಿನಬಿಂಬಗಳ ಕಳವಿನ ಭಯದಿಂದ ಅವರು ನಿವೃತ್ತ ಸೈನಿಕರೊಬ್ಬರನ್ನು ರಾತ್ರಿ ಕಾವಲಿಗೆ ನೇಮಿಸಿದ್ದಾರೆ. ಪಾಯಿಂಟ್ 315 ಬೋರಿನ ರೈಫಲ್ಲೂ ಅದರ ಪರವಾನಗಿಯೂ ಆ ಸೈನಿಕರವೇ. ತೋಟಾಗಳ ಖರ್ಚು ಮಾತ್ರ ಟ್ರಸ್ಟಿನದು. "ತಾವು ಹಿಂದೆ ರೈಫಲ್ ಇಟ್ಟುಕೊಂಡಿದ್ದವರು. ಕಡಿಮೆ ಬೆಲೆಯದೂ ಸಮಯಕ್ಕೆ ಕೈಕೊಡದುದೂ ಆದ ತೋಟಾ ಯಾವುದೆಂದು ದಯಮಾಡಿ ತಿಳಿಸಬೇಕು" ಎಂಬುದು ಅವರ ವಿನಂತಿ. ಪತ್ರದ ನೆತ್ತಿಯಲ್ಲಿ ಅಹಿಂಸೆಯ ಘೋಷವಾಕ್ಯ ಅಚ್ಚಾಗಿತ್ತು. ನಗುವವರು ನಗಬಹುದು, ನನಗೆ ನಗು ಬರಲಿಲ್ಲ.

ಹಿಂಸೆಯನ್ನು ಸಂಕಲ್ಪಿ, ಆರಂಭಿ, ಉದ್ಯೋಗಿ, ವಿರೋಧಿ ಎಂದು ನಾಲ್ಕಾಗಿ ವಿಂಗಡಿಸಿರುವುದನ್ನು ಧರ್ಮಬಂಧುಗಳೆಲ್ಲರೂ ಬಲ್ಲರು. ಗೃಹಸ್ಥನು ಸಂಕಲ್ಪಿ ಹಿಂಸೆಯನ್ನು ಪೂರ್ಣವಾಗಿ ತ್ಯಜಿಸತಕ್ಕದ್ದು. ತನ್ನನ್ನೂ ತನ್ನವರನ್ನೂ ಧರ್ಮಾಯತನವನ್ನೂ ಕಾಯುವಾಗ ಒದಗುವ ವಿರೋಧಿ ಹಿಂಸೆಯನ್ನು ಅವನು ಪೂರ್ಣವಾಗಿ ಬಿಡಲಾರ. ಗೊಮ್ಮಟನನ್ನು ಕಡೆಯಿಸಿದ ಚಾವುಂಡರಾಯನು ಗಂಗರ ಸೇನಾನಿಯಾಗಿದ್ದನು. ಹಂಪಿಯಲ್ಲಿ ಕಂಪ್ಲಿಯ ದಾರಿಗೆ ಇರುವ, ಜನರು ಗಾಣಗಿತ್ತಿ ಗುಡಿ ಎನ್ನುವ ಕುಂಥುನಾಥ ಜಿನಾಲಯವನ್ನು 1385ರಲ್ಲಿ ಕಟ್ಟಿಸಿದ ಇರುಗಪ್ಪನು ಎರಡನೆಯ ಹರಿಹರನ ದಂಡನಾಯಕ. ನಮ್ಮ ಭಾಷಣಕಾರರು ಸಾಮಾನ್ಯವಾಗಿ ಈ ಎರಡು ಹೆಸರು ಹೇಳಿ ಚಪ್ಪಾಳೆ ಪಡೆದು ಕುಳಿತುಬಿಡುತ್ತಾರೆ. ಆದರೆ ಆ ಇಬ್ಬರೂ ತಾವೇ ರಣರಂಗಕ್ಕೆ ಹೋದವರು. ನಮ್ಮ ಟ್ರಸ್ಟಿನ ಪದಾಧಿಕಾರಿಗಳು ಮನೆಯಲ್ಲಿ ಮಲಗಿರುತ್ತಾರೆ. ಕತ್ತಲಲ್ಲಿ ನಿಲ್ಲುವವನು ಸಂಬಳದ ಮನುಷ್ಯ.

ಕರ್ಮವು ಮಾಡಿದವನಿಗೆ ಮಾತ್ರವಲ್ಲ, ಮಾಡಿಸಿದವನಿಗೂ ಅನುಮೋದಿಸಿದವನಿಗೂ ತಗಲುತ್ತದೆಂಬುದು ನಮ್ಮ ಸಿದ್ಧಾಂತ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಖಡ್ಗ, ಕೊಡಲಿ, ಬೆಂಕಿ, ಸಂಕೋಲೆ ಮೊದಲಾದ ವಧಸಾಧನಗಳನ್ನು ಪರರಿಗೆ ಕೊಡುವುದನ್ನು ಹಿಂಸಾದಾನವೆಂದು ಕರೆದು ಅನರ್ಥದಂಡಗಳಲ್ಲಿ ಸೇರಿಸಿದ್ದಾರೆ. 'ಅದು ನಿಷ್ಪ್ರಯೋಜನವಾದ ದಾನದ ಮಾತು, ಬಸದಿಯ ರಕ್ಷಣೆಗೆ ಪ್ರಯೋಜನವಿದೆಯಲ್ಲ' ಎಂದು ವಾದಿಸಿದರೆ ಒಪ್ಪುತ್ತೇನೆ. ಪ್ರಯೋಜನವಿರುವ ಖರ್ಚೂ ಖಾತೆಯ ಪುಸ್ತಕದಲ್ಲಿ ಖರ್ಚೇ ಅಲ್ಲವೇ?

ಕಾವಲನ್ನು ಪರರ ಕೈಗೆ ವಹಿಸುವುದು ಹೊಸ ಪದ್ಧತಿಯೇನಲ್ಲ. 1368ರಲ್ಲಿ ಜೈನರಿಗೂ ವೈಷ್ಣವರಿಗೂ ವ್ಯಾಜ್ಯ ಬಂದಾಗ ಬುಕ್ಕರಾಯನು ಮಾಡಿಸಿದ ಒಪ್ಪಂದ ಶ್ರವಣಬೆಳಗೊಳದ ಶಾಸನದಲ್ಲಿದೆ. ರಾಜ್ಯದ ಜೈನರು ಮನೆಗೆ ವರ್ಷಕ್ಕೊಂದು ಹಣ ಕೊಡಬೇಕು. ತಿರುಮಲೆಯ ತಾತಯ್ಯನು ಆ ದ್ರವ್ಯದಿಂದ ಬೆಳಗೊಳದ ದೇವರ ಅಂಗರಕ್ಷೆಗೆ ಇಪ್ಪತ್ತು ಆಳುಗಳನ್ನಿಟ್ಟು, ಉಳಿದುದರಲ್ಲಿ ಜೀರ್ಣ ಜಿನಾಲಯಗಳಿಗೆ ಸುಣ್ಣ ಹೊಡೆಸಬೇಕು. ಜಿನನ ಕಾವಲಿಗೆ ವೈಷ್ಣವರು ನೇಮಿಸಿದ ಆಳುಗಳು, ಜೈನರ ಹಣ! ಇದರಲ್ಲಿ ನನ್ನ ಮನಸ್ಸಿಗೆ ನಾಟಿದ್ದು ಆಳುಗಳ ಸಂಖ್ಯೆಯಲ್ಲ. ಯಾರಿಂದ ಭಯವಿತ್ತೋ ಅವರೊಡನೆಯೇ ರಾಜನ ಎದುರಿನಲ್ಲಿ ಮಾತಾಗಿ, ಕಾವಲಿನ ಹೊಣೆಯನ್ನು ಅವರಿಗೇ ವಹಿಸಿದ್ದರು. ಆಳುಗಳು ಆ ಮಾತಿನ ಹಿಂದೆ ಬಂದವರು.

ಇನ್ನು ನನ್ನ ರೈಫಲ್ಲಿನ ವಿಷಯ. ತೀರ್ಥರೂಪರ ಕಾಲದಿಂದ ನಮ್ಮದು ಶೇಂಗಾ ವ್ಯಾಪಾರ; ನಗದು ಮನೆಯಲ್ಲಿರುತ್ತಿದ್ದುದರಿಂದ ಪರವಾನಗಿ ಪಡೆದಿದ್ದೆವು. 1995ರಲ್ಲಿ ಕೊಂಡ ಹತ್ತು ತೋಟಾಗಳು ಬೀರುವಿನಲ್ಲಿಯೇ ಹನ್ನೊಂದು ಮಳೆಗಾಲ ಕಂಡವು. ಬಿ.ಕಾಂ. ಓದಿದವನು ನಾನು, ಅಂಗಡಿಯ ತಕ್ಕಡಿಗೂ ವರ್ಷವರ್ಷ ಸವಕಳಿ ಬರೆದೆ, ತೋಟಾಗಳಿಗೆ ಬರೆಯಲಿಲ್ಲ. ಬಳಸದ ವಸ್ತು ಸವೆಯುವುದಿಲ್ಲವೆಂಬ ವ್ಯಾಪಾರಿಯ ಭ್ರಮೆ.

2006ರಲ್ಲಿ ಕುರೆಕುಪ್ಪದ ಸುತ್ತ ಅದಿರು ಲಾರಿಗಳು ಹಗಲಿರುಳು ಸಾಲುಗಟ್ಟಿ ನಿಲ್ಲುತ್ತಿದ್ದವು. ಒಂದು ರಾತ್ರಿ ಹಿತ್ತಲ ಗೋದಾಮಿನ ಬಳಿ ಸದ್ದಾಯಿತು. ಎರಡು ಸಲ ಕೂಗಿದೆ, ಉತ್ತರವಿಲ್ಲ. ಆಕೃತಿಯೊಂದು ನನ್ನತ್ತ ತಿರುಗಿತು. ಟ್ರಿಗರ್ ಎಳೆದೆ. 'ಟಕ್' ಎಂದಿತು, ಅಷ್ಟೆ. ಗುಂಡು ಹಾರಲಿಲ್ಲ. ಆ ಆಕೃತಿ ಕೈಯಲ್ಲಿದ್ದ ಪ್ಲಾಸ್ಟಿಕ್ ಡಬ್ಬಿ ಬಿಟ್ಟು ಅಳತೊಡಗಿತು. ಲಾರಿಯ ಕ್ಲೀನರ್ ಹುಡುಗ. ಕನ್ನಡ ಬಾರದು. ನೀರಿಗಾಗಿ ಬಂದಿದ್ದ. ನನ್ನ ಮನೆಯವರು ಅವನಿಗೆ ನೀರು ತುಂಬಿಕೊಟ್ಟರು. ನನಗೆ ಎದ್ದು ನಿಲ್ಲಲಾಗಲಿಲ್ಲ.

'ಹಳೆಯ ತೋಟಾ ನಿಮ್ಮನ್ನು ಪಾಪದಿಂದ ಪಾರುಮಾಡಿತು, ಪುಣ್ಯವಂತರು' ಎಂದು ಹಿರಿಯರು ಸಮಾಧಾನ ಹೇಳಿದರು. ತೋಟಾ ಆ ಹುಡುಗನನ್ನು ಪಾರುಮಾಡಿತೆಂಬುದು ನಿಜ. ನನ್ನನ್ನಲ್ಲ. ಪ್ರಮಾದಕ್ಕೆ ವಶನಾದವನು ಪರಜೀವ ಸಾಯಲಿ ಬಿಡಲಿ ಹಿಂಸಕನೇ ಎಂಬುದು ಅಮೃತಚಂದ್ರಾಚಾರ್ಯರ ಪುರುಷಾರ್ಥಸಿದ್ಧ್ಯುಪಾಯದ ನಿರ್ಣಯ. ನನ್ನ ಪ್ರಮಾದ ಎರಡು ಬಗೆಯದು: ಯಾರೆಂದು ಕಾಣದೆ ಎಳೆದದ್ದು, ಏನಾಗುವುದೆಂದು ತಿಳಿಯದ ತೋಟಾವನ್ನು ತುಂಬಿದ್ದು. ಕೆಟ್ಟ ತೋಟಾ ಯಾವಾಗಲೂ ಸುಮ್ಮನಿರುವುದೂ ಇಲ್ಲ. ಕೆಲವು ವೇಳೆ ಕ್ಷಣ ತಡೆದು, ನಳಿಗೆ ಬೇರೆಡೆಗೆ ತಿರುಗಿದ ಮೇಲೆ ಹಾರುತ್ತದೆ. ಆ ಗಾಬರಿಯಲ್ಲಿ ನನ್ನ ನಳಿಗೆ ಮನೆಯವರ ಕಡೆಗೇ ತಿರುಗಿತ್ತೆಂಬುದು ಬೆಳಗಾದ ಮೇಲೆ ನೆನಪಾಯಿತು. 2008ರ ಚುನಾವಣೆಗೆ ಠಾಣೆಯಲ್ಲಿ ಒಪ್ಪಿಸಿದ ರೈಫಲ್ಲನ್ನು ನಾನು ಮರಳಿ ಮನೆಗೆ ತರಲಿಲ್ಲ.

ಆದ್ದರಿಂದ ಟ್ರಸ್ಟಿನವರಿಗೆ ಹೀಗೆ ಬರೆದೆ. ಈ ಬೋರಿನ ತೋಟಾಗಳನ್ನು ಬಹುಕಾಲದಿಂದ ನಮ್ಮ ಸರಕಾರಿ ಕಾರ್ಖಾನೆಗಳು ತಯಾರಿಸುತ್ತ ಬಂದಿವೆ. 2021ರ ಅಕ್ಟೋಬರಿನಿಂದ ಆ ಮದ್ದುಗುಂಡಿನ ಕಾರ್ಖಾನೆಗಳು ಪುಣೆಯ ಮ್ಯುನಿಷನ್ಸ್ ಇಂಡಿಯಾ ಲಿಮಿಟೆಡ್ಡಿಗೆ ಸೇರಿವೆ. ಹೀಗಾಗಿ ಯಾವ ಹೆಸರಿನದು ಎಂಬ ಆಯ್ಕೆ ಸಣ್ಣದು. ಪರವಾನಗಿಯುಳ್ಳ ಅಂಗಡಿಯಲ್ಲಿಯೇ ಕೊಳ್ಳಿರಿ, ಕಾವಲುಗಾರರ ಪರವಾನಗಿ ಪುಸ್ತಕದಲ್ಲಿ ನಮೂದಿಸಿರಿ, ಅದರಲ್ಲಿ ಬರೆದ ಮಿತಿಯನ್ನು ಮೀರದಿರಿ. ಹಸಿರುಗಟ್ಟಿದ, ತಗ್ಗುಬಿದ್ದ ತೋಟಾವನ್ನು ಉಳಿತಾಯದ ಆಸೆಗೆ ಇಟ್ಟುಕೊಳ್ಳಬೇಡಿರಿ. ವರ್ಷಕ್ಕೊಮ್ಮೆ ಕಾವಲುಗಾರರು ಅಧಿಕೃತ ಗುರಿಮೈದಾನದಲ್ಲಿ ಹಳೆಯವನ್ನು ಅಭ್ಯಾಸಕ್ಕೆ ಬಳಸಿ ಹೊಸದನ್ನು ತರಲಿ. ಆ ಖರ್ಚೂ ಟ್ರಸ್ಟಿನದೇ ಆಗಲಿ. ಇದನ್ನು ಸೇರಿಸಿ ಲೆಕ್ಕ ಹಾಕಿದರೆ ಅಗ್ಗದ ತೋಟಾ ಎಂಬುದೇ ಇಲ್ಲ.

ಇನ್ನೊಂದು ಮಾತು. ರೈಫಲ್ಲಿನ ಗುಂಡು ಗುರಿ ತಪ್ಪಿದರೆ ಒಂದು ಕಿಲೋಮೀಟರಿಗೂ ಆಚೆ ಹೋಗಬಲ್ಲದು. ನಿಮ್ಮ ಬಸದಿಯ ಮೂರು ಕಡೆ ಮನೆಗಳಿವೆ, ಬೇಸಿಗೆಯಲ್ಲಿ ಜನ ಅಂಗಳದಲ್ಲಿ ಮಲಗುತ್ತಾರೆ. ಅಗತ್ಯಕ್ಕಿಂತ ಹೆಚ್ಚಿನ ಹಾನಿ ಮಾಡುವ ಹಕ್ಕನ್ನು ಆತ್ಮರಕ್ಷಣೆಯ ಕಾನೂನೂ ಕೊಡುವುದಿಲ್ಲ. ಮೊದಲು ಗರ್ಭಗೃಹಕ್ಕೆ ಕಬ್ಬಿಣದ ಬಾಗಿಲು, ಪ್ರಾಕಾರಕ್ಕೆ ದೀಪ, ನೆರೆಮನೆಗೆ ಕೇಳುವ ಗಂಟೆ ಆಗಲಿ. ಆ ನೆರೆಯವರಲ್ಲಿ ಹೆಚ್ಚಿನವರು ಜೈನರಲ್ಲ. ಅವರನ್ನು ಕರೆದು ಒಂದು ದಿನ ಕುಳಿತು ಮಾತಾಡಿರಿ.

ಕೊನೆಗೆ, ಅಭ್ಯಾಸದ ದಿನ ಅಧ್ಯಕ್ಷರು ತಾವೇ ಕಾವಲುಗಾರರ ಜೊತೆಗೆ ಹೋಗಿ, ಒಂದು ತೋಟಾ ಹಾರುವಷ್ಟು ಹೊತ್ತಾದರೂ ಪಕ್ಕದಲ್ಲಿ ನಿಂತು ಆ ಸದ್ದನ್ನು ಕೇಳಿ ಬರಬೇಕೆಂದು ಬರೆದಿದ್ದೆ. ದೀಪಗಳಿಗೆ ಟೆಂಡರು ಕರೆದಿರುವುದಾಗಿ ಕಾರ್ಯದರ್ಶಿಗಳಿಂದ ಉತ್ತರ ಬಂದಿದೆ. ಗುರಿಮೈದಾನದ ವಿಷಯ ಅದರಲ್ಲಿರಲಿಲ್ಲ, ಮತ್ತೆ ಬರೆದಿದ್ದೇನೆ.